ನಮ್ಮ ಕಾರು ದುರ್ಗ ಹತ್ತಿದ್ದು

ಮದುವೆಯಾದ ಹನ್ನೊಂದು ವರ್ಷಗಳಲ್ಲಿ ನನ್ನ ಹೆಂಡತಿ ಅಲಮೇಲು ನನ್ನನ್ನು ಹೊಗಳಿದ್ದು ಎರಡೇ ಸಲ. ಎರಡು ಸಲವೂ ನಾನು ಜ್ವರ ಬಂದು ಮಾತಿಲ್ಲದೆ ಮಲಗಿದ್ದೆ. ತುಮಕೂರಿನ ಕೋರ್ಟಿನಲ್ಲಿಯೂ ನನ್ನ ಕೀರ್ತಿ ಇದಕ್ಕಿಂತ ಹೆಚ್ಚೇನಿರಲಿಲ್ಲ. ವಕೀಲ ಪಟ್ಟಾಭಿರಾಮ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಾಯಿದೆ ಪಟ್ಟಾಭಿ ಎಂದರೆ ಕೋರ್ಟಿನ ಜವಾನನೂ ನಗುತ್ತಿದ್ದ. ಹೀಗಿರುವಾಗ ೧೯೫೯ರ ಬೇಸಿಗೆಯಲ್ಲಿ ವಕೀಲರ ಸಂಘದ ಗೋಡೆಯ ಮೇಲೆ ಒಂದು ಪ್ರಕಟಣೆ ಕಂಡಿತು. ಊರಿನ ಮೋಟಾರುಳ್ಳ ಮಹನೀಯರೆಲ್ಲ ಸೇರಿ ಬರುವ ದಸರೆಯ ರಜದಲ್ಲಿ ದೇವರಾಯನದುರ್ಗದ ಘಾಟಿ ರಸ್ತೆಯಲ್ಲಿ ಕಾರಿನ ಪಂದ್ಯ ಏರ್ಪಡಿಸಿದ್ದಾರೆ, ಕಾರುಗಳು ಒಂದೊಂದಾಗಿ ಬೆಟ್ಟ ಹತ್ತಬೇಕು, ಹಿಡಿದ ಹೊತ್ತನ್ನು ಗಡಿಯಾರದಲ್ಲಿ ಅಳೆಯುತ್ತಾರೆ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಬೇರೆಯೇ ಬಹುಮಾನ. ಓದಿದ ಕೂಡಲೇ ಹೆಸರು ಕೊಡುವುದೆಂದು ನಿಶ್ಚಯಿಸಿದೆ. ಜೀವಮಾನದಲ್ಲಿ ಒಂದು ಸಲವಾದರೂ ಯಾವುದರಲ್ಲಾದರೂ ಮೊದಲಿಗನಾಗಬೇಕೆಂಬ ಆಸೆ ವಾಯಿದೆ ಕೇಳುವವನಿಗೂ ಇರುತ್ತದೆ.

ಕಾರು ನಮ್ಮಲ್ಲಿಯೇ ಇತ್ತು. ಇತ್ತು ಎನ್ನುವುದಕ್ಕಿಂತ ಬಿದ್ದಿತ್ತು ಎನ್ನಬೇಕು. ಗುಬ್ಬಿಯಲ್ಲಿ ಡಾಕ್ಟರಾಗಿದ್ದ ನನ್ನ ಮಾವ ವೆಂಕಟರಂಗಯ್ಯನವರು ಯುದ್ಧಕ್ಕೆ ಮುಂಚೆ ಕೊಂಡ ಎರಡು ಬಾಗಿಲಿನ ಪುಟ್ಟ ಇಂಗ್ಲಿಷ್ ಕಾರು. ಕಣ್ಣು ಮಂಜಾದ ಮೇಲೆ ಅದನ್ನು ಮಗಳಿಗೆ ಕೊಟ್ಟರು. (ಅಳಿಯನಿಗಲ್ಲ, ಮಗಳಿಗೆ. ಕಾಗದಪತ್ರವೂ ಅವಳ ಹೆಸರಿಗೇ ಆಗಿತ್ತು.) ಎಂಟು ವರ್ಷದಿಂದ ಅದು ಚಿಕ್ಕಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಸೌದೆಯ ಪಕ್ಕ ನಿಂತಿತ್ತು. ಒಳಗೆ ಒಂದು ಬೆಕ್ಕು ಮೂರು ತಲೆಮಾರು ಸಂಸಾರ ನಡೆಸಿತ್ತು.

ನನ್ನ ಸಂಕಲ್ಪ ಕೇಳಿ ಅಲಮೇಲು ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಿದಳು.

"ನಮ್ಮಪ್ಪ ಈ ಕಾರಲ್ಲಿ ಹೆರಿಗೆ ಮಾಡಿಸೋಕೆ ಹೋಗ್ತಿದ್ರು. ನೀವು ಇದನ್ನ ಬೆಟ್ಟಕ್ಕೆ ಓಡಿಸ್ತೀನಿ ಅಂತೀರಿ. ಮುರಿದುಬಿದ್ರೆ ಅವರಿಗೆ ಏನು ಹೇಳ್ಲಿ?"

ಗೆದ್ದು ಬಂದ ಮೇಲೆ ಏನು ಹೇಳಬೇಕೆಂದು ಯೋಚಿಸು ಎಂದೆ. ಅವಳು ಹುರುಳಿಕಾಯಿಗೆ ಮರಳಿದಳು. ಅವಳು ವಾದಕ್ಕೆ ಇಳಿಯದಿದ್ದುದು ನನಗೆ ಸಮ್ಮತಿಯಂತೆ ಕಂಡಿತು.

ಶಿರಾ ಗೇಟಿನಲ್ಲಿ ರಾಮಾಂಜಿನಯ್ಯ ಎಂಬ ಮೆಕ್ಯಾನಿಕ್ ಇದ್ದ. ಯುದ್ಧಕಾಲದಲ್ಲಿ ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡಿದವನು, ಅರವತ್ತರ ಹತ್ತಿರದವನು, ಬಿಳಿ ಮೀಸೆ. ಹಿತ್ತಲಿಗೆ ಬಂದವನೇ ಬಾನೆಟ್ ಎತ್ತಿ, ನಾಡಿ ನೋಡುವ ವೈದ್ಯನಂತೆ ಇಂಜಿನ್ನಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ.

"ಸ್ವಾಮಿ, ಇದ್ರಲ್ಲಿ ಸದ್ಯಕ್ಕೆ ಚೆನ್ನಾಗಿರೋದು ಬೆಕ್ಕು ಒಂದೇ," ಎಂದ.

ಆದರೂ ಒಪ್ಪಿಕೊಂಡ. ಅಂದಿನಿಂದ ಶುರುವಾಯಿತು ನಮ್ಮ ಮನೆಯ ಮೋಟಾರು ಮಹಾಯಜ್ಞ. ಮೊದಲ ಆಹುತಿ ಅಲಮೇಲುವಿಗೆ ಮಾತು ಕೊಟ್ಟಿದ್ದ ರೇಡಿಯೋ. ಅದು ಪಿಸ್ಟನ್ ರಿಂಗುಗಳಾಗಿ ಇಂಜಿನ್ನಿನೊಳಗೆ ಸೇರಿತು. ಆಮೇಲೆ ನನ್ನ ಮದುವೆಯ ಕೈಗಡಿಯಾರ ಕಾರ್ಬುರೇಟರ್ ಆಯಿತು. ಪ್ರತಿ ಭಾನುವಾರ ನಾನು ಬೆಂಗಳೂರಿಗೆ ಹೋಗಿ ಗುಜರಿಯಲ್ಲಿ ಕಬ್ಬಿಣದ ಗುಡ್ಡೆಗಳನ್ನು ಕೆದಕುತ್ತಿದ್ದೆ. ಸಂಜೆ ಮಸಿ ಮೆತ್ತಿಕೊಂಡು ಬಂದರೆ ಬೀದಿಯವರು ನಾನು ರೈಲಿನ ಇಂಜಿನ್ನಿಗೆ ಇದ್ದಿಲು ಹಾಕುವ ಕೆಲಸಕ್ಕೆ ಸೇರಿದ್ದೇನೆಂದು ತಿಳಿದಿದ್ದರು. ಹಬ್ಬದ ಪಾಯಸದ ಪಾತ್ರೆಯಲ್ಲಿ ಗೇರಿನ ಹಲ್ಲುಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು. ತೊಳೆದ ಸ್ಪಾರ್ಕ್ ಪ್ಲಗ್ಗುಗಳನ್ನು ನಾನು ಒಲೆಯ ಕಟ್ಟೆಯ ಮೇಲೆ ದೋಸೆಯ ಪಕ್ಕದಲ್ಲಿ ಒಣಗಿಸುತ್ತಿದ್ದೆ. (ಒಂದು ದಿನ ದೋಸೆಗೆ ಪೆಟ್ರೋಲಿನ ಘಮ ಬಂತು. ನಾನು ಚಕಾರವೆತ್ತದೆ ನಾಲ್ಕು ತಿಂದೆ.)

ನನ್ನ ಚಿತ್ತವೂ ನೆಟ್ಟಗಿರಲಿಲ್ಲ. ಒಂದು ಉಯಿಲಿನ ಮೊಕದ್ದಮೆಯಲ್ಲಿ, ಸಾಕ್ಷಿ ಮಾತು ಬದಲಿಸುತ್ತಿದ್ದಾನೆ ಎನ್ನುವ ಬದಲು ಸಾಕ್ಷಿಯ ಕ್ಲಚ್ ಜಾರುತ್ತಿದೆ ಎಂದುಬಿಟ್ಟೆ. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. ಅಂದು ನಾನು ಕೇಳದೆಯೇ ನನಗೆ ವಾಯಿದೆ ಸಿಕ್ಕಿತು.

ಈ ನಡುವೆ ಒಂದು ಸಂಗತಿ ನನಗೆ ತಿಳಿಯದಂತೆ ಬೆಳೆಯುತ್ತಿತ್ತು. ನಾನೂ ರಾಮಾಂಜಿನಯ್ಯನೂ ಕಾರನ್ನು ತಳ್ಳುವಾಗ ಸ್ಟೀರಿಂಗ್ ಹಿಡಿಯಲು ಒಬ್ಬರು ಬೇಕಲ್ಲ, ಅಲಮೇಲು ಕೂರುತ್ತಿದ್ದಳು. ಕೂತವಳು ಸುಮ್ಮನೆ ಕೂರಲಿಲ್ಲ. ಗೇರು ಹಾಕಲು ಕಲಿತಳು, ಹಿತ್ತಲಿಂದ ಬೀದಿಗೆ ತರಲು ಕಲಿತಳು. ಮನೆಗೆ ತರಕಾರಿ ತರಲಾದರೂ ಅನುಕೂಲವಾಗಲಿ ಎಂದು ನಾನೇ ಕರೆದುಕೊಂಡು ಹೋಗಿ ಲೈಸೆನ್ಸ್ ಮಾಡಿಸಿದೆ. ಒಂದು ಬೆಳಗ್ಗೆ ಇಂಜಿನ್ನು ಕುಂಟುತ್ತಿತ್ತು. ನಾನೂ ರಾಮಾಂಜಿನಯ್ಯನೂ ತಲೆ ಕೆರೆದುಕೊಳ್ಳುತ್ತಿದ್ದಾಗ ಅಡುಗೆಮನೆಯ ಕಿಟಕಿಯಿಂದ, "ಮೂರನೇ ಪ್ಲಗ್ ಹೊಡೀತಿಲ್ಲ ನೋಡಿ," ಎಂಬ ಮಾತು ಬಂತು. ನೋಡಿದರೆ ಮೂರನೆಯದೇ. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಕೂತು ಹಳ್ಳಿಹಳ್ಳಿ ತಿರುಗಿದವಳಿಗೆ ಆ ಇಂಜಿನ್ನಿನ ಸದ್ದು ಬಾಯಿಪಾಠವಾಗಿತ್ತು. ಅಂದಿನಿಂದ ರಾಮಾಂಜಿನಯ್ಯ ಸಂದೇಹ ಬಂದರೆ ನನ್ನನ್ನು ಕೇಳುವುದು ಬಿಟ್ಟ.

ಪಂದ್ಯಕ್ಕೆ ತಿಂಗಳಿರುವಾಗ ಕುಣಿಗಲ್ಲಿನವರೆಗೆ ಓಡಿಸಿ ನೋಡೋಣವೆಂದು ಮೂವರೂ ಹೊರಟೆವು. ಚಾಲಕ ನಾನು. ಹೆಬ್ಬೂರು ದಾಟುತ್ತಿದ್ದಂತೆ ರೇಡಿಯೇಟರ್ ಕುದಿದು ಹಬೆಯೆದ್ದಿತು, ಗೇರು ಕಚ್ಚಿಕೊಂಡು ಕೂತಿತು. ಚಿಕ್ಕಹನುಮಯ್ಯ ಎಂಬ ಪುಣ್ಯಾತ್ಮ ರೈತ ಎತ್ತು ಕಟ್ಟಿ ಕುಣಿಗಲ್ಲಿಗೆ ಎಳೆದು ತಂದ. ಕೆರೆ ಏರಿಯ ಮೇಲೆ ನಮ್ಮನ್ನು ನೋಡಲು ನಿಂತ ಜನಕ್ಕೆ ನಾನು ಗಂಭೀರವಾಗಿ ತಲೆಬಾಗಿದೆ. ರಿಪೇರಿಯಾದ ಮೇಲೆ ವಾಪಸ್ಸು ಅಲಮೇಲು ಓಡಿಸಿದಳು. ಕಾರು ಒಂದು ಸಲವೂ ಕೆಮ್ಮಲಿಲ್ಲ. ಹೋಗುವಾಗ ಏರು, ಬರುವಾಗ ಇಳಿಜಾರು, ಅದಕ್ಕೇ ಹೀಗೆ ಎಂದು ನಾನು ವಾದಿಸಿದೆ. ರಾಮಾಂಜಿನಯ್ಯ ಮೀಸೆ ನೀವಿಕೊಂಡ, ಅಷ್ಟೆ.

ಕೊನೆಯ ವಾರ ಭಾರ ಇಳಿಸುವ ಕೆಲಸ. ಹಿಂದಿನ ಸೀಟು, ಬಂಪರ್, ಸ್ಟೆಪ್ನಿ, ಕೊನೆಗೆ ಬಾಗಿಲುಗಳೂ ಹೋದವು. ಪಂದ್ಯದ ಹಿಂದಿನ ದಿನ ಬೆಟ್ಟದಲ್ಲಿ ಪರೀಕ್ಷೆ. ನಾನು ಎರಡು ಸಲ ಹತ್ತಿಸಿದೆ. ಎರಡು ಸಲವೂ ಕೊನೆಯ ತಿರುವಿನಲ್ಲಿ ಕಾರು ನಿಟ್ಟುಸಿರುಬಿಟ್ಟು ನಿಂತಿತು. ರಾಮಾಂಜಿನಯ್ಯ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಏನು ತೆಗೆಯೋಣ ಎಂದು ನಾನು ಕೇಳಿದೆ.

"ತೆಗೆಯೋ ಅಂಥಾದ್ದು ಇನ್ನು ಒಂದೇ ಉಳಿದಿರೋದು ಸ್ವಾಮಿ," ಎಂದು ನನ್ನನ್ನೇ ನೋಡಿದ.

ನಾನು ಆಗ ತೊಂಬತ್ತು ಕೆಜಿ. ಅಲಮೇಲು ಒದ್ದೆ ಸೀರೆ ಸೇರಿಸಿದರೂ ನಲವತ್ತೈದು ದಾಟುತ್ತಿರಲಿಲ್ಲ. ಒಂದೊಂದು ಸ್ಕ್ರೂ ತೂಗಿ ತೂಗಿ ಬಿಚ್ಚಿದ ನನಗೆ ನನ್ನದೇ ಲೆಕ್ಕ ಹೊಳೆದಿರಲಿಲ್ಲ. ಆರು ತಿಂಗಳ ಕನಸು, ನನ್ನ ಹೆಸರಿನಲ್ಲಿ ಕೊಟ್ಟ ಅರ್ಜಿ, ಸಂಘದಲ್ಲಿ ಕೊಚ್ಚಿಕೊಂಡ ಜಂಬ, ಎಲ್ಲ ನೆನಪಾಯಿತು. ಆಗ ಅಲಮೇಲು ಹೇಳಿದಳು:

"ಬೇಡ ರಾಮಾಂಜಿನಯ್ಯ, ಇವರೇ ಓಡಿಸ್ಲಿ. ನಿಂತ್ರೆ ನಿಲ್ಲಲಿ. ಇಷ್ಟು ದಿವಸ ಒದ್ದಾಡಿರೋದು ಇವರು."

ರೇಡಿಯೋ ಕಳೆದುಕೊಂಡವಳು, ಪಾಯಸದ ಪಾತ್ರೆ ಕಳೆದುಕೊಂಡವಳು ಈ ಮಾತು ಹೇಳಿದಳು. ನಾನು ಬೆಂಗಳೂರಿನಿಂದ ತಂದಿದ್ದ, ಧೂಳು ತಡೆಯುವ ಕನ್ನಡಕವನ್ನು ತೆಗೆದು ಅವಳ ಕೈಗಿಟ್ಟೆ.

"ಕಾರು ನಿಂದು. ನೀನೇ ಹತ್ತಿಸು ಕಣೇ," ಎಂದೆ. ನನ್ನ ಹೆಂಡತಿಯ ಎದುರು ನಾನು ಗೆದ್ದ ಮೊದಲ ವಾದ ಅದು.

ಮಾರನೆಯ ಬೆಳಗ್ಗೆ ಹೆಸರು ಬದಲಾಯಿಸಲು ಹೋದಾಗ ಮಹನೀಯರು ನಿಯಮಾವಳಿಯನ್ನು ಮೂರು ಸಲ ತಿರುವಿಹಾಕಿದರು. ಹೆಂಗಸರು ಓಡಿಸಬಾರದೆಂದು ಬರೆಯಲು ಯಾರಿಗೂ ನೆನಪಾಗಿರಲಿಲ್ಲ. ಅದೊಂದೇ ದಿನ ನನ್ನ ವಕೀಲಿಕೆ ಉಪಯೋಗಕ್ಕೆ ಬಂತು. ನಾನು ಕೊನೆಯ ತಿರುವಿಗೆ ಮೊದಲೇ ಹತ್ತಿ, ಕಾರು ಹಿಂದಕ್ಕೆ ಜಾರಿದರೆ ಚಕ್ರಕ್ಕೆ ಕೊಡಲು ಒಂದು ಮರದ ತುಂಡು ಹಿಡಿದು ನಿಂತೆ. ಮೊದಲು ಬಂದ ವಕೀಲ ಪರಮಶಿವಯ್ಯನವರ ದೊಡ್ಡ ಕಾರು ಅಲ್ಲಿಯೇ ಕೆಟ್ಟು ನಿಂತಿತು. ಆಮೇಲೆ ಕೆಳಗಿನಿಂದ ನಮ್ಮ ಇಂಜಿನ್ನಿನ ಸದ್ದು. ನಾಲ್ಕು ಪ್ಲಗ್ಗೂ ಹೊಡೆಯುತ್ತಿದ್ದವು. ನನಗೂ ಈಗ ಕಿವಿ ಬಂದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು, ಹಲ್ಲು ಕಚ್ಚಿ ಅಲಮೇಲು ತಿರುವಿಗೆ ಬಂದಳು. ಕಾರು ಒಂದು ಕ್ಷಣ ತಡವರಿಸಿತು. ಅವಳು ಗೇರು ಇಳಿಸಿದಳು. ನನ್ನನ್ನು ತಿರುಗಿಯೂ ನೋಡದೆ, ತೆರೆದ ನನ್ನ ಬಾಯಿಗೆ ಒಂದು ಹಿಡಿ ಧೂಳು ತುಂಬಿ, ಮೇಲಕ್ಕೆ ಹೋದಳು. ಹಳೆಯ ಕಾರುಗಳಲ್ಲಿ ಅವಳೇ ಮೊದಲು. ಬೆಳ್ಳಿಯ ಬಟ್ಟಲು ಕೊಡುವಾಗ ನಾನು ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದೆನೆಂದರೆ ಅಂಗೈ ಎರಡು ದಿನ ಊದಿಕೊಂಡಿತ್ತು.

ಬೆಟ್ಟ ಇಳಿಯುವಾಗ ಬ್ರೇಕಿನ ಮೇಲೆ ಕಣ್ಣಿಡಲು ರಾಮಾಂಜಿನಯ್ಯ ಅವಳ ಪಕ್ಕ ಕೂತ. ನಾನು ಬಸ್ಸು ಹತ್ತಿ ಕಂಬಿ ಹಿಡಿದು ನಿಂತೆ. ಬಸ್ಸಿನ ತುಂಬ ಅವಳದೇ ಮಾತು. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಸಿದ್ದಲಕ್ಷ್ಮಮ್ಮ ಎಂಬ ಮುದುಕಿಗಂತೂ ಎಷ್ಟು ಹೇಳಿದರೂ ಸಾಲದು. ಆ ಕಾರಿಗೆ ಬಾಗಿಲೂ ಇರಲಿಲ್ಲವಂತೆ, ಆಕೆ ಒಂದು ಕೈಯಲ್ಲೇ ತಿರುಗಿಸಿದಳಂತೆ. ನಾನು ಎದೆ ಉಬ್ಬಿಸಿ, ಆಕೆ ನನ್ನ ಹೆಂಡತಿ ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು.

"ಬುಡಪ್ಪ, ಯಾಕೆ ಸುಳ್ಳು ಹೇಳ್ತೀಯ," ಎಂದಳು ಮುದುಕಿ. "ಅಂಥಾ ಗಟ್ಟಿಗಿತ್ತಿ ಎಂಡ್ರು ಇದ್ರೆ ನೀನ್ಯಾಕೆ ಈ ಬಸ್ಸಲ್ಲಿ ನೇತಾಡ್ತಿದ್ದೆ?"

ಅಷ್ಟರಲ್ಲಿ ಹಿಂದಿನಿಂದ ಹಾರನ್ ಕೇಳಿತು. ನಮ್ಮ ಕಾರು ಬಸ್ಸನ್ನು ಹಿಂದೆ ಹಾಕಿ ಮುನ್ನುಗ್ಗಿತು. ಇಡೀ ಬಸ್ಸು ಕಿಟಕಿಗೆ ಮುಗಿಬಿತ್ತು. ನಾನೂ ಇಬ್ಬರ ಹೆಗಲ ಮೇಲಿಂದ ಕೈ ಚಾಚಿ ಬೀಸಿದೆ. ಅಲಮೇಲು ನಗುತ್ತ ಬಸ್ಸಿನ ಕಡೆಗೆ ಒಮ್ಮೆ ಕೈಯೆತ್ತಿ, ಧೂಳೆಬ್ಬಿಸಿ ಮರೆಯಾದಳು.

"ನೋಡ್ದಾ? ಆಯಮ್ಮ ಎಲ್ರಿಗೂ ಕೈ ಬೀಸಿದ್ಲು," ಎಂದು ಮುದುಕಿ ಕನಿಕರದಿಂದ ನನ್ನ ತೋಳು ತಟ್ಟಿದಳು. "ನಿಂಗೇ ಅಂತ ಏನೂ ಬೀಸ್ಲಿಲ್ಲ. ಕೂತ್ಕೊ ಮಗಾ."

ಅವಳು ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟರೂ ನಾನು ಕೂರಲಿಲ್ಲ. ಧೂಳು ಅಡಗುವವರೆಗೂ ಕೈ ಬೀಸುತ್ತಲೇ ನಿಂತಿದ್ದೆ.