ಮಾವನ ಪಿಕಪ್ಪಿಗೆ ಇಂಜೆಕ್ಷನ್

ನಮ್ಮ ಸೋದರಮಾವ ಒಂದೇ ಪ್ರಶ್ನೆಗೆ ಹನ್ನೊಂದು ಉತ್ತರ ಕೊಡಬಲ್ಲರು. ಹನ್ನೊಂದೂ ಸುಳ್ಳು! ಹೀಗೆಂದರೆ ನೀವು ಅವರನ್ನು ವಕೀಲರೋ ರಾಜಕಾರಣಿಯೋ ಅಂದುಕೊಂಡೀರಿ. ಅಲ್ಲ. ಸಾಗರದಿಂದ ಇಕ್ಕೇರಿಗೆ ಹೋಗುವ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ನಲವತ್ತು ವರ್ಷ ಗಾಡಿ ರಿಪೇರಿ ಮಾಡಿದ ಮೆಕ್ಯಾನಿಕ್ ಅವರು. ಉಳಿದ ವಿಷಯಗಳಲ್ಲಿ ಅವರದು ಒಂದೇ ಮಾತು. ಬ್ರೇಕ್ ಸರಿಯಿಲ್ಲ ಎಂದು ದೊಡ್ಡ ಅಧಿಕಾರಿಯೊಬ್ಬರ ಜೀಪನ್ನು ಎರಡು ದಿನ ಬಿಡದೆ ಇಟ್ಟುಕೊಂಡು, ಅವರನ್ನು ಬಸ್ಸಿನಲ್ಲಿ ಕಳಿಸಿದವರು. ಅಂಥವರು ಸುಳ್ಳಿಗೆ ಇಳಿದದ್ದು ಈ ಒಂದು ಪ್ರಶ್ನೆಗೆ ಮಾತ್ರ. ಚೆನ್ನಾಗಿ ಓಡುತ್ತಿದ್ದ ನಿಮ್ಮ ಹಳೇ ಪಿಕಪ್ಪಿನ ಕಾರ್ಬೊರೇಟರ್ ಕಿತ್ತುಹಾಕಿ ಕಂಪ್ಯೂಟರ್ ಇಂಜೆಕ್ಷನ್ ಯಾಕೆ ಕೂರಿಸುತ್ತಿದ್ದೀರಿ?

ಪಕ್ಕದ ಮನೆಯ ನಿವೃತ್ತ ಮೇಷ್ಟರು ಕೇಳಿದಾಗ, ಪರಿಸರ ಕೆಡುತ್ತಿದೆ, ಹೊಗೆ ಕಡಿಮೆ ಮಾಡಬೇಕು ಎಂದರು. ಅತ್ತೆಗೆ, ಪೆಟ್ರೋಲ್ ಉಳಿಯುತ್ತದೆ ಎಂದರು. ಬೇರೆ ಮೆಕ್ಯಾನಿಕ್ಕುಗಳು ಕೇಳಿದಾಗ, ಹಳೇ ಕಾರ್ಬೊರೇಟರಿನ ಸಾಮಾನು ಈಗೆಲ್ಲಿ ಸಿಗುತ್ತದೆ ಎಂದರು. ಅವರ ಶೆಡ್ಡಿನ ಅಟ್ಟದ ಮೇಲೆ ಹತ್ತು ಗಾಡಿಗಾಗುವಷ್ಟು ಸಾಮಾನು ಬಿದ್ದಿತ್ತು! ನನ್ನ ಅಮ್ಮ, ಅಂದರೆ ಅವರ ಅಕ್ಕ, ಮನೆಗೆ ಹೋಗಿದ್ದಾಗ ಕೇಳಿದ್ದಕ್ಕೆ, "ವಯಸ್ಸಾಯ್ತಲ್ಲ ಅಕ್ಕಾ, ಇಂಜೆಕ್ಷನ್ ಮಾಡಿಸ್ತಾ ಇದೀನಿ" ಎಂದುಬಿಟ್ಟರು. ವಯಸ್ಸಾದದ್ದು ಯಾರಿಗೆ ಎಂದು ಅಮ್ಮ ಕೇಳಲಿಲ್ಲ. ಹೊಸನಗರಕ್ಕೆ ವಾಪಸ್ಸು ಬಂದವಳೇ ತಮ್ಮನ ಸಕ್ಕರೆ ಕಾಯಿಲೆ ವಾಸಿಯಾಗಲಿ ಎಂದು ದೇವರಿಗೆ ಹರಕೆ ಹೊತ್ತಳು. ಮಾವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಹರಕೆಯನ್ನು ಮಾತ್ರ ತೀರಿಸಬೇಕಾಯಿತು.

ಕಾರ್ಬೊರೇಟರ್ ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಕೊಡುವ ಪುಟ್ಟ ಅಡುಗೆಮನೆ ಅದು. ಪೆಟ್ರೋಲ್ ಹೆಚ್ಚಾದರೆ ಕಪ್ಪು ಹೊಗೆ, ಕಡಿಮೆಯಾದರೆ ಏರಿನಲ್ಲಿ ಕೆಮ್ಮು. ಹದ ಸಿಗಬೇಕಾದರೆ ಒಂದು ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಬೇಕು. ಅಳತೆಗೋಲಿಲ್ಲ, ಕಿವಿಯೇ ಅಳತೆ. ಇಂಜೆಕ್ಷನ್ನಿನಲ್ಲಿ ಆ ಕೆಲಸವನ್ನು ಒಂದು ಕಂಪ್ಯೂಟರ್ ಡಬ್ಬಿ ಮಾಡುತ್ತದೆ. ಸೈಲೆನ್ಸರ್ ಪೈಪಿನೊಳಗೆ ಕೂತ ಸೆನ್ಸರೊಂದು ಹೊಗೆಯನ್ನು ಮೂಸಿ, ಪೆಟ್ರೋಲ್ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಡಬ್ಬಿಗೆ ವರದಿ ಒಪ್ಪಿಸುತ್ತಲೇ ಇರುತ್ತದೆ.

ಮಾವ ಕಿವಿಯ ಪಂಥದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿದರೆಂದರೆ ಶೆಡ್ಡಿನಲ್ಲಿ ಯಾರೂ ಕೆಮ್ಮುವಂತಿಲ್ಲ. ಫೋನು ಬಂದ ಮೇಲೆ ದೂರದವರು ಎಂಜಿನ್ ಪಕ್ಕ ಫೋನು ಹಿಡಿದು ಕೇಳಿಸುತ್ತಿದ್ದರು. ಒಮ್ಮೆ ಜೋಗದಿಂದ ವಿದ್ಯುತ್ ಕೆಲಸದವರೊಬ್ಬರು ಹಾಗೆ ಕೇಳಿಸಿದಾಗ ಮಾವ, "ಎರಡನೇ ಪ್ಲಗ್ ಹೋಗಿದೆ. ಅದಕ್ಕೂ ಮೊದ್ಲು ಒಳಗೆ ಕುಕ್ಕರ್ ಇಳಿಸಕ್ಕೆ ಹೇಳಿ, ನಾಕು ವಿಷಲ್ ಆಯ್ತು" ಎಂದರಂತೆ. ಎರಡೂ ನಿಜವಾಗಿತ್ತಂತೆ.

ಅವರ ಸ್ವಂತ ಪಿಕಪ್ಪನ್ನು ಬೇರೆ ಯಾರೂ ಸ್ಟಾರ್ಟ್ ಮಾಡುವಂತಿರಲಿಲ್ಲ. ಚೋಕ್ ಅರ್ಧ ಎಳೆಯಬೇಕು, ಆಕ್ಸಿಲರೇಟರನ್ನು ಮೂರು ಸಲ ತುಳಿಯಬೇಕು, ಏಳರವರೆಗೆ ಎಣಿಸಬೇಕು, ಆಮೇಲೆ ಕೀಲಿ. ಎಂಟಕ್ಕೆ ತಿರುಗಿಸಿದರೆ ಮುನಿಸು! ಮನೆಯವರೆಲ್ಲ ಮದುವೆಗೆ ಹೋಗಿದ್ದ ಒಂದು ಮಧ್ಯಾಹ್ನ ಕಳ್ಳನೊಬ್ಬ ಬಂದು ಒದ್ದಾಡಿ, ಗಾಡಿಯನ್ನು ಇಪ್ಪತ್ತು ಅಡಿ ತಳ್ಳಿ, ಸುಸ್ತಾಗಿ ಬಿಟ್ಟು ಹೋಗಿದ್ದ. ಬಂದು ನೋಡಿದ ಮಾವನಿಗೆ ಸಿಟ್ಟೇ ಬರಲಿಲ್ಲ. "ಪಾಪ, ಫುಲ್ ಚೋಕ್ ಎಳೆದುಬಿಟ್ಟಿದಾನೆ" ಎಂದು ಮರುಗಿದರು.

ಆ ಪಿಕಪ್ಪು ದುಡಿಯುತ್ತಿದ್ದದ್ದು ಅತ್ತೆಗಾಗಿ. ಅತ್ತೆ ಮದುವೆ, ಗೃಹಪ್ರವೇಶಗಳ ಅಡುಗೆ ಹಿಡಿಯುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ತಾಲ್ಲೂಕಿನಲ್ಲೂ ಅವರ ಕೈರುಚಿ ಗೊತ್ತು. ಕೊಪ್ಪರಿಗೆ, ಒಲೆ, ದಿನಸಿ ಎಲ್ಲ ಪಿಕಪ್ಪಿನ ಹಿಂದೆ. ಮುಂದೆ ಇವರಿಬ್ಬರು. ಕಳೆದ ವರ್ಷ ತೀರ್ಥಹಳ್ಳಿಯ ಒಂದು ಗೃಹಪ್ರವೇಶಕ್ಕೆ ಹೊರಟಾಗ ಹೊಸನಗರ ದಾಟಿದ ಮೇಲಿನ ಏರಿನಲ್ಲಿ ಗಾಡಿ ಕೆಮ್ಮಿ ನಿಂತಿತು. ಮಾವ ಬಾನೆಟ್ ಎತ್ತಿ ಒಂದು ಗಂಟೆ ಒದ್ದಾಡಿದರು. ಅತ್ತೆ ಕೈಕಟ್ಟಿ ಕೂರುವವರಲ್ಲ. ರಸ್ತೆ ಬದಿಯಲ್ಲೇ ಒಲೆ ಇಳಿಸಿ ಪಾಯಸಕ್ಕೆ ಇಟ್ಟರು. ಘಮ ಹರಡಿದ್ದೇ ತಡ, ದಾರಿಹೋಕರು ಇದ್ಯಾವುದೋ ಅನ್ನಸಂತರ್ಪಣೆ ಎಂದು ಬೈಕು ನಿಲ್ಲಿಸಿ ಸಾಲಾಗಿ ಕೂತೇಬಿಟ್ಟರು. ಕೂತವರನ್ನು ಏಳಿಸುವುದು ಹೇಗೆ? ಅತ್ತೆ ಬಡಿಸಿದರು. ಕೊನೆಗೆ ಬೇರೆ ಗಾಡಿ ಬಂದು, ತೀರ್ಥಹಳ್ಳಿಯಲ್ಲಿ ಎಲೆ ಹಾಕುವಾಗ ಸಂಜೆ ನಾಲ್ಕು. ಆ ಮನೆಯ ಹಿರಿಯರು ಒಳ್ಳೆಯವರು, ಊಟ ಚೆನ್ನಾಗಿತ್ತು, ರಾತ್ರಿಯದೂ ಸೇರಿ ಒಂದೇ ಸಲಕ್ಕೆ ಮುಗಿಯಿತು ಎಂದಷ್ಟೇ ಹೇಳಿದರು.

ಪೆಟ್ರೋಲ್ ಸರಿಯಿರಲಿಲ್ಲ ಎಂದರು ಮಾವ. ಆಮೇಲೆ ಒಂದು ವಾರ ಶೆಡ್ಡಿಗೆ ಬಂದ ಗಾಡಿಗಳನ್ನು ಮಂಡಿನೋವೆಂದು ವಾಪಸ್ಸು ಕಳಿಸಿದರು. ಎಂಟನೇ ದಿನ ಬೆಳಿಗ್ಗೆ ಶಿವಮೊಗ್ಗದ ಗುಜರಿಗೆ ಹೋಗಿ, ಇದೇ ಎಂಜಿನ್ನಿನ ಹೊಸ ಮಾದರಿಯಿದ್ದ ಅಪಘಾತದ ವ್ಯಾನೊಂದರಿಂದ ಇಂಜೆಕ್ಷನ್ ಸಾಮಾನನ್ನೆಲ್ಲ ಬಿಚ್ಚಿಸಿಕೊಂಡು ಬಂದರು. ವೈರುಗಳನ್ನು ಅತ್ತೆಯ ಹಪ್ಪಳದ ಚಾಪೆಯ ಮೇಲೆ ಹರವಿದರು. ಬಣ್ಣಬಣ್ಣದ ಶಾವಿಗೆ ಒಣಗಿಸಿದಂತೆ ಕಾಣುತ್ತಿತ್ತು.

ನಾನು ಈ ಕಥೆಯೊಳಗೆ ಬಂದದ್ದು ಇಲ್ಲಿ. ಹೊಸನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುತ್ತೇನೆ, ಆನ್‌ಲೈನ್ ಅರ್ಜಿ ತುಂಬುತ್ತೇನೆ. ಮಾವನ ಲೆಕ್ಕದಲ್ಲಿ ಪಹಣಿ ತೆಗೆಯುವ ಕಂಪ್ಯೂಟರಿಗೂ ಪೆಟ್ರೋಲ್ ಚಿಮ್ಮಿಸುವ ಕಂಪ್ಯೂಟರಿಗೂ ಅಂಥ ವ್ಯತ್ಯಾಸವಿಲ್ಲ. ಲ್ಯಾಪ್‌ಟಾಪ್ ತೆಗೆದುಕೊಂಡು ಭಾನುವಾರ ಬಾ ಎಂದರು. ಹೋದೆ. ಹಾಗೆ ಒಂಬತ್ತು ಭಾನುವಾರ ಹೋದೆ.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ಅರವತ್ತಾರರ ವಯಸ್ಸಿನಲ್ಲಿ ಫೋನಿನ ವಿಡಿಯೊ ನೋಡುತ್ತಾ, ಶಬ್ದವಿಲ್ಲದೆ ಬರೀ ಚಿತ್ರ ನೋಡುತ್ತಾ, ನೋಟ್‌ಬುಕ್ಕಿನಲ್ಲಿ ವೈರುಗಳ ನಕಾಶೆ ಬರೆದುಕೊಂಡಿದ್ದರು. ಟ್ಯಾಂಕಿನೊಳಗೆ ಪಂಪು ಕೂತಿತು. ಎಂಜಿನ್ ನೆತ್ತಿಯ ಮೇಲೆ ಪೆಟ್ರೋಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರು ಕೂತವು. ಆರನೇ ಭಾನುವಾರ ಎಲ್ಲ ಮುಗಿದು, ಕೀಲಿ ತಿರುಗಿಸಿದರೆ ಎಂಜಿನ್ ಬರೀ ಗಿರಗಿರ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಎರಡು ಭಾನುವಾರ ಹುಡುಕಿದೆವು. ನಾನು ಲ್ಯಾಪ್‌ಟಾಪನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದೆ, ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಕೊನೆಗೆ ಸಿಕ್ಕಿದ್ದೇನು? ಚಂದ ಕಾಣಲಿ ಎಂದು ಮಾವ ಎಂಜಿನ್ ಸುತ್ತ ಹಸಿರು ಬಣ್ಣ ಬಳಿದು, ಆ ಬಣ್ಣದ ಮೇಲೆಯೇ ಅರ್ಥಿಂಗ್ ವೈರಿನ ಬೋಲ್ಟ್ ಬಿಗಿದಿದ್ದರು. ಬಣ್ಣದ ಮೂಲಕ ಕರೆಂಟ್ ಹೋಗುವುದುಂಟೇ? ಸೌಂದರ್ಯವನ್ನು ಒಂದು ರೂಪಾಯಿ ಅಗಲ ಕೆರೆದದ್ದೇ ದಾರಿ ತೆರೆಯಿತು.

ಒಂದು ಸಂಗತಿ ಮಾತ್ರ ನನಗೆ ವಿಚಿತ್ರವಾಗಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಕೀಲಿ ತಿರುಗಿಸಿದ ಕೂಡಲೇ ಟ್ಯಾಂಕಿನ ಪಂಪು ಎರಡು ಕ್ಷಣ ಗುಂಯ್ ಎನ್ನುತ್ತದೆ. ಪ್ರತಿ ಸಲವೂ ಮಾವ, ಪಂಪಿನ ಶಬ್ದ ಬಂತಾ ಎಂದು ನನ್ನನ್ನೇ ಕೇಳುತ್ತಿದ್ದರು. ನನಗೆ ಪಾಠ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ನಾನಿಲ್ಲದಿದ್ದಾಗ ಅತ್ತೆಗೆ ಕೀಲಿ ತಿರುಗಿಸಲು ಹೇಳಿ, ತಾವು ಟ್ಯಾಂಕಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರಂತೆ.

ಒಂಬತ್ತನೇ ಭಾನುವಾರ ಬೆಳಿಗ್ಗೆ ಮಾವ ಕೀಲಿ ತಿರುಗಿಸಿದರು. ಎಂಜಿನ್ ಹೊತ್ತಿಕೊಂಡಿತು. ಚೋಕಿಲ್ಲ, ಎಣಿಕೆಯಿಲ್ಲ! ಜೊತೆಗೇ ಸಡಿಲವಾಗಿದ್ದ ಫ್ಯಾನ್ ಬೆಲ್ಟು ಕಿರ್ರೋ ಎಂದು ಕಿರುಚತೊಡಗಿತು. ಆ ಶಬ್ದಕ್ಕೆ ನಾನು ಲ್ಯಾಪ್‌ಟಾಪ್ ಬಿಟ್ಟು ಕಿವಿ ಮುಚ್ಚಿಕೊಂಡೆ. ನೆರಳಿನಲ್ಲಿ ಮಲಗಿದ್ದ ನಾಯಿ ಎದ್ದು ರಸ್ತೆಯಾಚೆ ಓಡಿತು. ಪಕ್ಕದ ಮನೆಯ ಮೇಷ್ಟರು ಕಿಟಕಿ ಹಾಕಿಕೊಂಡರು. ಮಾವ ಇಳಿದು ಬಂದು, ಬಾನೆಟ್ ಮೇಲೆ ಕೈಯೂರಿ, ಎಂಜಿನ್ನನ್ನೇ ನೋಡುತ್ತಾ ನಗುತ್ತಿದ್ದರು.

"ಎಷ್ಟು ಸೈಲೆಂಟಾಗಿದೆ ನೋಡು" ಎಂದರು.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಮಾವನ ಬೆನ್ನನ್ನು ನೋಡಿದರು, ನನ್ನನ್ನು ನೋಡಿದರು, ತುಟಿಯ ಮೇಲೆ ಬೆರಳಿಟ್ಟು ಒಳಗೆ ಹೋದರು. ನಾನು ಹೋಗಿ ಕೀಲಿ ಆಫ್ ಮಾಡಿದೆ. ಮಾವ ತಿರುಗಿ ನನ್ನ ಮುಖ ನೋಡಿದರು. ನಾನು ಬೆಲ್ಟನ್ನು ತೋರಿಸಿದೆ. ಅವರು ಅದನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ, ಸ್ಟೂಲಿನ ಮೇಲೆ ಕೂತರು.

"ಮೊದ್ಲು ಸಣ್ಣ ಶಬ್ದ ಹೋಯ್ತು" ಎಂದರು. "ಆಮೇಲೆ ಫೋನು. ಎದುರಿಗೆ ಕೂತು ಮಾತಾಡಿದ್ರೆ ಬಾಯಿ ನೋಡಿ ಗೊತ್ತಾಗುತ್ತೆ. ತೀರ್ಥಹಳ್ಳಿಗೆ ಹೋಗೋ ಹಿಂದಿನ ದಿನ ಟ್ಯೂನಿಂಗ್ ಮಾಡಿದ್ದು ನಾನೇ. ಕೇಳಿಸ್ಲಿಲ್ಲ, ಅಂದಾಜಿಗೆ ತಿರುಗಿಸ್ದೆ. ಪೆಟ್ರೋಲ್ ಸರಿ ಇರ್ಲಿಲ್ಲ ಅಂದೆನಲ್ಲ, ಪೆಟ್ರೋಲ್ ಸರಿಯಾಗೇ ಇತ್ತು ಮಾರಾಯ."

ಹನ್ನೆರಡನೇ ಉತ್ತರ ಅದು, ಅದೊಂದೇ ನಿಜ. ಕಿವಿಯಿಂದಲೇ ಹೆಸರು ಮಾಡಿದ ಮನುಷ್ಯ, ತನ್ನ ಕಿವಿಯ ಅಗತ್ಯವೇ ಇಲ್ಲದ ಯಂತ್ರವೊಂದನ್ನು ತನ್ನ ಕೈಯಿಂದಲೇ ಒಂಬತ್ತು ವಾರ ಕೂತು ಜೋಡಿಸಿದ್ದ. ಅತ್ತೆಯ ಅಡುಗೆ ಇನ್ನೊಮ್ಮೆ ರಸ್ತೆಯಲ್ಲಿ ನಿಲ್ಲಬಾರದು, ಅಷ್ಟೇ ಅವರ ಹಟ. ಬೇರೆ ಮೆಕ್ಯಾನಿಕ್ಕಿನಿಂದ ಟ್ಯೂನಿಂಗ್ ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಿಸಬಹುದಿತ್ತು. ಹಾಗೆ ಕೇಳಲು ಹೋಗಿದ್ದರೆ ಏಕೆ ಎಂದು ಹೇಳಬೇಕಾಗುತ್ತಿತ್ತು. ನಾವು ಎಷ್ಟೋ ದೊಡ್ಡ ಕೆಲಸಗಳನ್ನು ಮಾಡುವುದು ಒಂದು ಸಣ್ಣ ಮಾತು ಹೇಳಲಾರದೆ ಇರುವುದಕ್ಕೇ ಇರಬೇಕು.

ನಿಮ್ಮತ್ತೆಗೆ ಹೇಳಬೇಡ ಎಂದರು. ಆಗಲಿ ಎಂದು ಒಳಗೆ ಹೋದೆ. ಅತ್ತೆ ಚಹಾ ಸೋಸುತ್ತಿದ್ದರು. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ. ಎರಡು ವರ್ಷದಿಂದ ಎಂದರು. ಅಡುಗೆಮನೆಯಿಂದಲೇ ಕೂಗಿ ಕರೆಯುತ್ತಿದ್ದವರು ಈಚೆಗೆ ಪ್ರತಿ ಸಲ ಶೆಡ್ಡಿನವರೆಗೆ ನಡೆದುಹೋಗಿ, ಎದುರಿಗೆ ನಿಂತು ಊಟಕ್ಕೆ ಕರೆಯುತ್ತಿದ್ದರು. ಈ ವಯಸ್ಸಿನಲ್ಲಿ ಏನು ಪ್ರೀತಿ ಎಂದು ನಾವೆಲ್ಲ ನಕ್ಕಿದ್ದೆವು.

ಮತ್ತೆ ಯಾಕೆ ಕೇಳಲಿಲ್ಲ ಎಂದೆ.

"ನಾನು ಕೇಳಿದ್ರೆ ಇಲ್ಲ ಅಂತಾರೆ. ಒಂದ್ಸಲ ಇಲ್ಲ ಅಂದ್ಮೇಲೆ ಅದನ್ನೇ ಹಿಡ್ಕೊಂಡು ಕೂರ್ತಾರೆ" ಎಂದು ಲೋಟ ನನ್ನ ಕೈಗಿತ್ತರು. "ಅವರಾಗೇ ಹೇಳ್ಲಿ ಅಂತ ಕಾಯ್ತಾ ಇದೀನಿ."

ಮಾರನೇ ವಾರ ತೀರ್ಥಹಳ್ಳಿ ಕಡೆ ಒಂದು ನಾಮಕರಣವಿತ್ತು. ಇಂಜೆಕ್ಷನ್ ಕೂರಿಸಿದ ಮೇಲಿನ ಮೊದಲ ದೊಡ್ಡ ಪ್ರಯಾಣ ಎಂದು ಲ್ಯಾಪ್‌ಟಾಪ್ ಹಿಡಿದು ಸಾಗರಕ್ಕೇ ಹೋಗಿ ನಾನೂ ಹತ್ತಿದೆ. ಕಿಟಕಿಯ ಪಕ್ಕ ನಾನು, ನಡುವೆ ಅತ್ತೆ, ಸ್ಟೇರಿಂಗ್ ಹಿಂದೆ ಮಾವ. ಗಾಡಿ ಬೆಣ್ಣೆಯಂತೆ ಹೋಗುತ್ತಿತ್ತು. ಸಾಗರ ಬಿಟ್ಟು ಐದಾರು ಕಿಲೋಮೀಟರ್ ಬಂದಿರಬೇಕು, ಅತ್ತೆ ಹಿಂದಿನ ಸಾಮಾನನ್ನು ತಿರುಗಿ ನೋಡುತ್ತಾ ಏನೋ ಹೇಳಿದರು. ಮಾವ ರಸ್ತೆ ನೋಡುತ್ತಲೇ ಹೂಂ ಎಂದರು. ಅತ್ತೆ ಮುಂದಕ್ಕೆ ತಿರುಗಿ ಕೂತರು.

ಸ್ವಲ್ಪ ದೂರ ಹೋದ ಮೇಲೆ ಮಾವ ಗಾಡಿಯನ್ನು ನಿಧಾನ ಮಾಡಿ, ಬದಿಗೆ ತಂದು ನಿಲ್ಲಿಸಿದರು. ಎಂಜಿನ್ ಆಫ್ ಮಾಡಿದರು. ಎರಡೂ ಕೈ ಸ್ಟೇರಿಂಗ್ ಮೇಲೆಯೇ ಇದ್ದವು.

"ನಂಗೆ ಕೇಳ್ಸಲ್ಲ ಮಾರಾಯ್ತಿ" ಎಂದರು. "ಎಂತದೂ ಸರಿಯಾಗಿ ಕೇಳ್ಸಲ್ಲ. ಈ ಕಡೆ ತಿರುಗಿ ಇನ್ನೊಂದ್ಸಲ ಹೇಳು."

ನಾನು ಕಿಟಕಿಯಾಚೆ ನೋಡಿದೆ. ನೋಡುವುದಕ್ಕೆ ಅಲ್ಲೇನೂ ಇರಲಿಲ್ಲ. ಅತ್ತೆ ಮಾವನ ಕಡೆ ಪೂರ್ತಿ ತಿರುಗಿ ಕೂತು, ಅವರ ಮಣಿಕಟ್ಟನ್ನು ಹಿಡಿದುಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದರು.

"ಉಪ್ಪಿನಕಾಯಿ ಭರಣಿ ಹತ್ತಿಸಿಲ್ಲ. ಜಗಲಿ ಮೇಲೇ ಇದೆ."

ಮಾವ ಅವರನ್ನೇ ನೋಡಿದರು. "ಇಷ್ಟು ದೂರ ಬಂದ್ಮೇಲೆ ಹೇಳ್ತೀಯಲ್ಲ" ಎಂದು, ಕೀಲಿ ತಿರುಗಿಸಿ, ಗಾಡಿಯನ್ನು ಮನೆಯ ಕಡೆಗೆ ಹೊರಳಿಸಿದರು. ಭರಣಿ ಸಿಗುವವರೆಗೂ ಅತ್ತೆ ಆ ಕೈ ಬಿಡಲಿಲ್ಲ. ಗೇರ್ ಹಾಕುವಾಗಲೆಲ್ಲ ಎರಡು ಕೈ ಒಟ್ಟಿಗೇ ಹೋಗಿ ಬರುತ್ತಿದ್ದವು.