ಬ್ರೇಕ್ ಆಯಿಲ್ ಮತ್ತು ಅಮ್ಮನ ವಿಭೂತಿ

ಹೆಂಡತಿ ಕಾರು ಓಡಿಸುವಾಗ ಪಕ್ಕದಲ್ಲಿ ಕೂರುವ ಗಂಡನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅದು ಕಂಪನಿಯವರು ಕೊಟ್ಟದ್ದಲ್ಲ, ಅವನೇ ಕಲ್ಪಿಸಿಕೊಂಡದ್ದು. ಎದುರಿಗೆ ಲಾರಿ ಕಂಡರೆ, ದನ ಅಡ್ಡ ಬಂದರೆ, ಏನೂ ಬರದಿದ್ದರೂ ಬರಬಹುದೆಂದು ಅನಿಸಿದರೆ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ನಮ್ಮ ಕಾರಿನ ಎಡಗಡೆಯ ಮ್ಯಾಟು ಒಂದು ಜಾಗದಲ್ಲಿ ಸವೆದು ತೂತಾಗುವುದರಲ್ಲಿದೆ. ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ನಡೆದು ಮುಗಿದದ್ದನ್ನು ನಿಧಾನವಾಗಿ ಹೇಳುವುದೇ ನನ್ನ ಕಸುಬು. ನನ್ನ ಸ್ಕೂಟರನ್ನು ಅಟ್ಟಿಸಿಕೊಂಡು ಬರುವ ಬೀದಿನಾಯಿಗಳು ನನ್ನ ವೇಗ ನೋಡಿ ಬೇಸರಪಟ್ಟು ಹಿಂದಿರುಗುತ್ತವೆ. ಇಂಥವನಿಗೆ ರೇಸ್ ಟ್ರ್ಯಾಕಿನ ಮೇಲೆ ಕಾರು ಓಡಿಸುವ ಹೆಂಡತಿ ಸಿಕ್ಕಿದ್ದಾಳೆಂದರೆ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ.

ಶೈಲಜಾ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳ ಅಪ್ಪ ಹಿರಿಯೂರಿನವರು, ಈರುಳ್ಳಿ ಹೇರಿಕೊಂಡು ಊರೂರು ಸುತ್ತಿದ ಲಾರಿ ಡ್ರೈವರು. ರಜೆಯಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಗಾಡಿ ಓಡ್ಸದೇನು ಮಹಾ, ನಿಲ್ಸದು ನೋಡ್ಕ" ಎನ್ನುತ್ತಿದ್ದರಂತೆ. ಅವಳ ಹಳೆಯ ಶಿಷ್ಯನೊಬ್ಬ ಕಾರಿನ ಹುಚ್ಚಿನವರ ಗುಂಪು ಕಟ್ಟಿಕೊಂಡಿದ್ದಾನೆ. ಅವರೆಲ್ಲ ವರ್ಷಕ್ಕೆ ಒಂದೆರಡು ಸಲ ತಮಿಳುನಾಡಿನ ಕಡೆ ಒಂದು ಟ್ರ್ಯಾಕಿಗೆ ಹೋಗುತ್ತಾರೆ. ಅಲ್ಲಿ ಗೆಲ್ಲುವುದು ಸೋಲುವುದು ಏನಿಲ್ಲ. ತಮ್ಮ ತಮ್ಮ ಕಾರು, ತಲೆಗೊಂದು ಹೆಲ್ಮೆಟ್ಟು, ಸುತ್ತು ಹೊಡೆಯುವುದು ಅಷ್ಟೇ. "ಟೀಚರ್, ನೀವೂ ಬನ್ನಿ" ಎಂದು ಅವನು ಬಾಯಿಮಾತಿಗೆ ಕರೆದ. ಇವಳು ನಿಜವಾಗಿಯೂ ಹೋದಳು.

ಹೋದ ವರ್ಷ ಅಲ್ಲಿ ಒಂದು ಸಂಗತಿ ನಡೆಯಿತು. ನೇರ ದಾರಿ ಮುಗಿದು ತಿರುವು ಬರುವಲ್ಲಿ ಇವಳು ಬ್ರೇಕ್ ಒತ್ತಿದರೆ ಪೆಡಲು ಬೆಣ್ಣೆಗೆ ಕಾಲಿಟ್ಟಂತೆ ಮೆತ್ತಗೆ ಕೆಳಕ್ಕೆ ಹೋಯಿತಂತೆ. ಕಾರು ತಿರುವಿನ ಆಚೆಯ ಜಲ್ಲಿಕಲ್ಲಿಗೆ ನುಗ್ಗಿ ನಿಂತಿತು. ದೇವರ ದಯೆ, ಇವಳಿಗೆ ಒಂದು ಗೀರೂ ಆಗಲಿಲ್ಲ. ಬಾನೆಟ್ಟಿನ ಬಣ್ಣ ಮಾತ್ರ ಕಲ್ಲು ಸಿಡಿದು ಎದ್ದಿತ್ತು, ಇಲ್ಲೇ ಊರಲ್ಲಿ ಮತ್ತೆ ಕೆಂಪು ಬಣ್ಣ ಹೊಡೆಸಿದೆವು. ಆದರೆ ಅದಾದ ಮೇಲೆ ಹೊಳಲ್ಕೆರೆ ರಸ್ತೆಯ ಇಳಿಜಾರಿನಲ್ಲಿ ಇವಳು ಬಹಳ ಮುಂಚೆಯೇ ಬ್ರೇಕ್ ಒತ್ತತೊಡಗಿದಳು. ಒಂದು ಸಲ ಒತ್ತಿ, ನಂಬಿಕೆ ಸಾಲದೆ ಇನ್ನೊಂದು ಸಲ ಒತ್ತುವಳು. ನನಗೆ ಒಳಗೊಳಗೇ ಸಂತೋಷವಾಯಿತು, ಇನ್ನು ಟ್ರ್ಯಾಕಿನ ಸಹವಾಸ ಬಿಟ್ಟಳೆಂದು. ಒಂದು ದಿನ ಊಟಕ್ಕೆ ಕೂತಾಗ ಅವಳೇ ಹೇಳಿದಳು. "ಇನ್ನೊಂದ್ಸಲ ಹೋಗ್ಬೇಕು ಕಣ್ರಿ. ಹೋಗ್ದಿದ್ರೆ ಈ ಭಯ ಹಿಂಗೇ ಉಳ್ಕಂತೈತೆ. ಆ ಮಕ್ಕಳನ್ನ ಕೂರಿಸ್ಕಂಡು ಬರುವಾಗ್ಲೂ ನನ್ನ ಕಾಲು ನಡುಗ್ತೈತೆ." ಆ ಮಕ್ಕಳೆಂದರೆ ಬಸ್ಸು ತಪ್ಪಿದಾಗ ಅವಳ ಕಾರಿನಲ್ಲಿ ಬರುವ ಶಾಲೆಯ ಹುಡುಗಿಯರು. ನನ್ನ ಸಂತೋಷ ಅಲ್ಲಿಗೇ ಮುದುಡಿತು. ಹೆಂಡತಿಯ ಭಯದ ಮೇಲೆ ಗಂಡ ನೆಮ್ಮದಿ ಕಟ್ಟಿಕೊಳ್ಳುವುದು ಒಳ್ಳೆಯದಲ್ಲವೆಂದು ಇತಿಹಾಸ ಓದಿದವನಿಗೂ ಗೊತ್ತಾಗುತ್ತದೆ.

ತಪ್ಪಾಗಿದ್ದು ಬ್ರೇಕ್ ಆಯಿಲಿನಿಂದ. ಹಳೆಯದಾಗಿ ನೀರು ಹೀರಿಕೊಂಡ ಆಯಿಲು ಬಿಸಿಗೆ ಕುದಿದು ಗುಳ್ಳೆಯೆದ್ದಿತ್ತು. ಗುಳ್ಳೆಯನ್ನು ಒತ್ತಿದರೆ ಅದು ಅಮುಕಿಕೊಳ್ಳುತ್ತದೆಯೇ ಹೊರತು ಚಕ್ರಕ್ಕೆ ಬಲ ಮುಟ್ಟಿಸುವುದಿಲ್ಲ. ಇದನ್ನು ಕೇಳಿದ ಕೂಡಲೇ ನಾನು ಉತ್ಸಾಹದಿಂದ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. "ತುಂಬ ಜೋರಾಗಿ ಓಡಿಸೋ ಕಾರಿಗೆ ಬ್ರೇಕ್ ಆಯಿಲ್ ಬೇಕಿತ್ತು" ಎಂದೆ. ಅಂಗಡಿಯವರು ನನ್ನನ್ನೂ ಹೊರಗೆ ನಿಂತಿದ್ದ ನನ್ನ ಸ್ಕೂಟರನ್ನೂ ನೋಡಿದರು. "ಯಾರು ಸಾರ್ ಓಡ್ಸೋದು?" ಎಂದರು. "ನಮ್ಮ ಮನೆಯವರು" ಎಂದೆ. "ಹಂಗಾದ್ರೆ ಅವ್ರನ್ನೇ ಕಳ್ಸ್ರಿ" ಎಂದು ಬೇರೆ ಗಿರಾಕಿಯ ಕಡೆ ತಿರುಗಿದರು. ನನಗೆ ಬೇಸರವೇನೂ ಆಗಲಿಲ್ಲ, ಅಡುಗೆಮನೆಯ ಸಾಮಾನಿಗೆ ಹೋದಾಗಲೂ ನನಗೆ ಇದೇ ಗೌರವ.

ಕೊನೆಗೆ ಮನೆಯಲ್ಲೇ ಫೋನಿನಲ್ಲಿ ನೋಡಿ ತರಿಸುವುದೆಂದಾಯಿತು. ಅದರಲ್ಲೂ ಎಷ್ಟೊಂದು ಜಾತಿ. ಡಾಟ್ ಮೂರು, ಡಾಟ್ ನಾಲ್ಕು, ಐದು, ಐದು ಪಾಯಿಂಟ್ ಒಂದು. ಐದಕ್ಕೂ ಐದು ಪಾಯಿಂಟ್ ಒಂದಕ್ಕೂ ಸಂಬಂಧವೇ ಇಲ್ಲವಂತೆ. ಐದು ಎಂಬುದು ಸಿಲಿಕೋನಿನದು, ನಮ್ಮ ಕಾರಿಗೆ ಹಾಕಲೇಬಾರದು. ಒಂದೇ ಇನಿಶಿಯಲ್ಲಿನ ದಾಯಾದಿಗಳಂತೆ ಹೆಸರು ಮಾತ್ರ ಹತ್ತಿರ. ನಾನು ಡಬ್ಬಿಯ ಮೇಲೆ ಕುದಿಯುವ ಬಿಸಿಗೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬರೆದಿದ್ದ ರೇಸಿನ ಆಯಿಲನ್ನು ಆರಿಸಿ, "ಇದು ಕುದಿಯಲು ತುಂಬ ಬಿಸಿ ಬೇಕಂತೆ, ಇದೇ ಇರಲಿ" ಎಂದೆ. ಶೈಲಜಾ ಕನ್ನಡಕ ಏರಿಸಿ ನೋಡಿದಳು. "ಅದು ಡಬ್ಬಿ ಒಡೆದ ದಿನದ ಲೆಕ್ಕ. ಗಾಳೀಲಿರೋ ನೀರು ಕುಡಿದ ಮೇಲೆ ಎಷ್ಟಕ್ಕೆ ಕುದೀತೈತೆ ಅಂತ ಹಿಂದುಗಡೆ ಸಣ್ಣಕ್ಷರದಾಗೆ ಬರ್ದಿರ್ತಾರೆ, ಅದನ್ನ ನೋಡ್ರಿ. ಇದು ಅಳ್ಳೆದೆ ಆಯಿಲು. ಪ್ರತಿಸಲ ಟ್ರ್ಯಾಕಿಗೆ ಹೋದಾಗ್ಲೂ ಬದಲಾಯಿಸೋರಿಗೆ ಸರಿ. ನಾನು ಇದ್ರಲ್ಲೇ ದಿನಾ ಸ್ಕೂಲಿಗೆ ಹೋಗ್ಬೇಕು" ಎಂದಳು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತೆರೆದಿಟ್ಟರೆ ಆಗುವಂತೆಯೇ ಇದಕ್ಕೂ ಆಗುತ್ತದೆಯಂತೆ. ಆದ್ದರಿಂದ ನೀರು ಕುಡಿದ ಮೇಲೂ ಮರ್ಯಾದೆ ಉಳಿಸಿಕೊಳ್ಳುವ ಒಳ್ಳೆಯ ಡಾಟ್ ನಾಲ್ಕನ್ನು ಅವಳು ಆರಿಸಿದಳು. ಮೊದಲ ದಿನದ ಬಿಸಿಗಿಂತ ನೀರು ಕುಡಿದ ಮೇಲಿನ ತಾಳ್ಮೆ ನೋಡಬೇಕೆಂಬ ಈ ವಿದ್ಯೆ ಅವಳಿಗೆ ಮದುವೆಗೆ ಮುಂಚೆ ತಿಳಿದಿತ್ತೋ ಇಲ್ಲವೋ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಆಯಿಲು ಬದಲಿಸಲು ಎರಡು ಜನ ಬೇಕು. ಒಬ್ಬರು ಚಕ್ರದ ಹತ್ತಿರ ಕೂತು ಅಲ್ಲಿರುವ ಪುಟ್ಟ ತಿರುಪನ್ನು ಬಿಚ್ಚಿ ಮುಚ್ಚುವವರು, ಇನ್ನೊಬ್ಬರು ಸೀಟಿನಲ್ಲಿ ಕೂತು ಪೆಡಲು ಒತ್ತುವವರು. ಶೈಲಜಾಳಿಗೆ ಈ ಸಲ ಯಾವ ಗ್ಯಾರೇಜಿನ ಮೇಲೂ ಭರವಸೆಯಿಲ್ಲ, ತನ್ನ ಕೈಯಿಂದಲೇ ಆಗಬೇಕು. ಎರಡನೆಯವನಾಗಿ ನಾನಿದ್ದೆ. ಭಾನುವಾರ ಬೆಳಿಗ್ಗೆ ಅವಳು ಹಳೆಯ ಚೂಡಿದಾರ ಹಾಕಿಕೊಂಡು, ಜಾಕಿನ ಜೊತೆಗೆ ಕೆಳಗೆ ಭದ್ರವಾದ ಸ್ಟ್ಯಾಂಡು ಕೊಟ್ಟು, ಎಲ್ಲಕ್ಕಿಂತ ದೂರದ ಹಿಂದಿನ ಎಡಚಕ್ರದಿಂದ ಶುರು ಮಾಡಿದಳು. "ಒತ್ರಿ" ಎಂದರೆ ನಾನು ಒತ್ತಬೇಕು. "ಹಿಡ್ಕಳ್ರಿ" ಎಂದರೆ ಹಿಡಿದಿರಬೇಕು. ಅವಳು ತಿರುಪು ಬಿಚ್ಚಿದಾಗ ಪೆಡಲು ಕೆಳಗಿಳಿಯುತ್ತದೆ, ಕಷಾಯದಂಥ ಹಳೆಯ ಆಯಿಲು ಗುಳ್ಳೆಗಳ ಸಮೇತ ಪಾರದರ್ಶಕ ನಳಿಗೆಯಲ್ಲಿ ಬಾಟಲಿಗೆ ಬರುತ್ತದೆ. ಅವಳು ಮುಚ್ಚಿ "ಬಿಡ್ರಿ" ಎನ್ನುವವರೆಗೆ ಏನೇ ಆದರೂ ಕಾಲೆತ್ತಬಾರದು, ಎತ್ತಿದರೆ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆ.

ಇಷ್ಟು ಸುಲಭದ ಕೆಲಸ. ಹಿಡಿದುಕೊಂಡಿದ್ದಾಗ ಅಮ್ಮ ಬಾಗಿಲಿಗೆ ಬಂದು, "ಲೇ, ಮಂಡಕ್ಕಿ ಒಗ್ಗರಣೆ ಹಾಕ್ಲೇನೋ?" ಎಂದಳು. ತಾಯಿ ಮಾತಾಡಿಸಿದರೆ ಎದ್ದು ನಿಲ್ಲುವ ಅಭ್ಯಾಸ ನನಗೆ. ಕಾಲೆತ್ತಿಬಿಟ್ಟೆ. ಚಕ್ರದ ಬಳಿ ಅವಳು ತಿರುಪು ಬಿಗಿದಳು. ಆಮೇಲೆ ಅವಳು ಮೆಲ್ಲಗೆ, "ರೀ, ಆವತ್ತು ಟ್ರ್ಯಾಕಲ್ಲಿ ಬ್ರೇಕ್ ಒತ್ತಿದಾಗ ಕೆಳಗಡೆ ಏನೂ ಇರ್ಲಿಲ್ಲ. ಅದನ್ನ ಹೆಂಗ್ ಹೇಳ್ಳಿ ನಿಮ್ಗೆ? ಅದಕ್ಕೇ ಹೇಳ್ತಿರೋದು, ನಾನು ಹೇಳೋತನಕ ಬಿಡಬ್ಯಾಡ್ರಿ" ಎಂದಳು. ಅಷ್ಟು ದಿನ ನಾನು ನನ್ನ ಭಯವನ್ನಷ್ಟೇ ಮುದ್ದು ಮಾಡಿಕೊಂಡಿದ್ದೆ, ಅವಳದನ್ನು ಕೇಳಿಯೇ ಇರಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದೆವು. ಅಮ್ಮ ಎರಡು ಸಲ ಕರೆದಳು, ನಾನು ಓಗೊಡಲಿಲ್ಲ. ಮಂಡಕ್ಕಿ ತಣ್ಣಗಾಯಿತು, ಪೆಡಲು ಕಲ್ಲಿನಂತೆ ಗಟ್ಟಿಯಾಯಿತು.

ಡಬ್ಬಿಯಲ್ಲಿ ಒಂದಿಷ್ಟು ಹೊಸ ಆಯಿಲು ಉಳಿಯಿತು. "ಒಡೆದ ಡಬ್ಬಿ ಇಡಬಾರ್ದು, ಇದನ್ನೂ ಹಳೇದ್ರ ಜೊತೆ ಗ್ಯಾರೇಜಿನ ಡ್ರಮ್ಮಿಗೆ ಹಾಕಿಸ್ರಿ" ಎಂದಳು ಶೈಲಜಾ. ಹಳೆಯದನ್ನು ಕೊಟ್ಟು ಬಂದೆ. ಹೊಸದು ಮಾತ್ರ ಜೇನಿನ ಬಣ್ಣಕ್ಕೆ ಎಷ್ಟು ಚೆನ್ನಾಗಿತ್ತೆಂದರೆ ಎಸೆಯಲು ಮನಸ್ಸು ಬರಲಿಲ್ಲ. ಎಂದಾದರೂ ಬೇಕಾದೀತೆಂದು, ಖಾಲಿಯಾಗಿದ್ದ ಹರಳೆಣ್ಣೆ ಬಾಟಲಿಗೆ ತುಂಬಿ ವರಾಂಡದ ಕಿಟಕಿಯಲ್ಲಿಟ್ಟೆ. ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯದೆ ಬೇರೆ ಬಾಟಲಿಗೆ ತುಂಬುವವನು ನಾನೇ.

ಹೊರಡುವ ಹಿಂದಿನ ಸಂಜೆ ಅಮ್ಮ ಕಾರಿಗೆ ಪೂಜೆ ಮಾಡಿದಳು. ರೈಲು ಜಂಕ್ಷನ್ ಇರುವ ಚಿಕ್ಕಜಾಜೂರಿನಲ್ಲಿ ಹುಟ್ಟಿ ಬೆಳೆದವಳು, ಹಳಿಯ ಮೇಲೆ ಓಡದ ಯಾವ ಗಾಡಿಯನ್ನೂ ಅವಳು ಪೂರ್ತಿ ನಂಬುವುದಿಲ್ಲ. ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ಅಗಲವಾಗಿ ವಿಭೂತಿ ಎಳೆದು ನಡುವೆ ಕುಂಕುಮದ ಬೊಟ್ಟಿಟ್ಟಳು. "ಜೋರಾಗಿ ಓಡ್ಸ್ತಾಳಂತಲ್ಲ, ನೀರಾಗೆ ಕಲಸಿದ್ರೆ ಗಾಳಿಗೆ ಹಾರೋಗ್ತೈತೆ ಅಂತ ಎಣ್ಣೇಲಿ ಕಲಸೀನಿ" ಎಂದಳು. ಸೊಸೆಯ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತುಟಿ ಅಲ್ಲಾಡಿಸಿದಳು. ಹೋಗಬೇಡವೆಂದು ಮಾತ್ರ ಹೇಳಲಿಲ್ಲ.

ನಸುಕಿನಲ್ಲಿ ಹೊರಟು ಹಿರಿಯೂರಿನಲ್ಲಿ ಇಡ್ಲಿಗೆ ನಿಂತೆವು. ವಿಭೂತಿ ಇಳಿದು ಗಾಜಿನ ಕಡೆಗೆ ಹರಿದಿತ್ತು. ಅಂಚನ್ನಷ್ಟು ಒರೆಸೋಣವೆಂದು ನಾನು ಬಟ್ಟೆ ತೆಗೆದುಕೊಂಡೆ. ಒರೆಸಿದೆ, ಗೆರೆ ಬೆಳ್ಳಗೇ ಇತ್ತು. ಇನ್ನಷ್ಟು ತಿಕ್ಕಿದೆ, ಇನ್ನಷ್ಟು ಬೆಳ್ಳಗಾಯಿತು. ಬಟ್ಟೆ ನೋಡಿದರೆ ಕೆಂಪಗೆ. ಶೈಲಜಾ ಬಂದು ಬೆರಳಿನಿಂದ ಮುಟ್ಟಿ ಮೂಸಿದಳು. ಹೊಸದಾಗಿ ಹೊಡೆಸಿದ ಬಣ್ಣ ಮೂರು ಗೆರೆಯಗಲಕ್ಕೆ ಕಿತ್ತುಬಂದು, ಕೆಳಗಿನ ಬಿಳಿ ಪ್ರೈಮರು ಕಾಣುತ್ತಿತ್ತು. ಬ್ರೇಕ್ ಆಯಿಲು ಬಣ್ಣವನ್ನು ತಿನ್ನುತ್ತದೆಂದು ನನಗೆ ಗೊತ್ತಾದದ್ದು ಆಗಲೇ. "ಇದು ಹರಳೆಣ್ಣೆ ಅಲ್ಲ" ಎಂದು ಅವಳು ನನ್ನ ಮುಖ ನೋಡಿದಳು. ನಾನು ಇಡ್ಲಿ ಹೋಟೆಲಿನ ಬೋರ್ಡು ಓದತೊಡಗಿದೆ. ಆಮೇಲೆ ಕಿಟಕಿಯ ಬಾಟಲಿಯ ವಿಷಯ ಹೇಳಿದೆ.

ಅವಳು ಬೈಯಲೆಂದು ಬಾಯಿ ತೆರೆಯುವಷ್ಟರಲ್ಲಿ ಅಮ್ಮನ ಫೋನು ಬಂತು. "ತಿಂಡಿ ಆತೇನಮ್ಮ? ವಿಭೂತಿ ಐತೋ ಹಾರೋತೋ?" ಶೈಲಜಾ ಬಾನೆಟ್ಟು ನೋಡಿದಳು, ನನ್ನನ್ನು ನೋಡಿದಳು. "ಐತೆ ಅತ್ತೆ. ಹಂಗೇ ಕುಂತೈತೆ. ಇವ್ರು ಒರೆಸಿದ್ರೂ ಹೋಗ್ಲಿಲ್ಲ." ಆ ಕಡೆ ಅಮ್ಮನ ದನಿ ಹಿಗ್ಗಿತು. "ಎಣ್ಣೇಲಿ ಕಲಸಿದ್ನಲ್ಲ, ಅದ್ಕೇ. ಪಕ್ಕದ ಮನೆ ಹೊಸ ಬೈಕಿಗೂ ಹಚ್ಚಿ ಕೊಡ್ತೀನಿ ಅಂದೀನಿ." "ಬ್ಯಾಡ ಅತ್ತೆ, ಆ ಬಾಟ್ಲಿ ನಮ್ಮ ಕಾರಿಗೇ ಮೀಸಲು. ದೀಪಕ್ಕೂ ಮುಟ್ಟಬ್ಯಾಡ್ರಿ, ಕೈ ಸೋಪಾಕಿ ತೊಳ್ಕಳ್ರಿ" ಎಂದು ಫೋನಿಟ್ಟಳು. ಬಾಟಲಿ ನೀರು ಸುರಿದು ಬಾನೆಟ್ಟು ತೊಳೆಯುತ್ತ, ಯಾಕೋ ಅವಳಿಗೆ ನಗು ಉಕ್ಕಿತು. ಒಂದು ವರ್ಷದಿಂದ ನಾನು ಕೇಳದಿದ್ದ ನಗು. ಅದಕ್ಕೋಸ್ಕರ ಇಡೀ ಕಾರಿನ ಬಣ್ಣ ಹೋಗಿದ್ದರೂ ನಾನು ಚಿಂತಿಸುತ್ತಿರಲಿಲ್ಲ.

ಟ್ರ್ಯಾಕಿನಲ್ಲಿ ನಾನು ಗೋಡೆಯ ಹಿಂದೆ ನಿಂತೆ. ಅಲ್ಲಿದ್ದ ಬೆಂಗಳೂರಿನ ಯುವಕನೊಬ್ಬ, "ಆಂಟಿ, ಈ ಸ್ಟಿಕರ್ ಎಲ್ಲಿ ಹಾಕಿಸಿದ್ರಿ?" ಎಂದ. "ನಮ್ಮತ್ತೆ ಹಾಕಿದ್ದು" ಎಂದು ಅವಳು ಹೆಲ್ಮೆಟ್ ಏರಿಸಿದಳು. ಮೊದಲ ಸುತ್ತುಗಳಲ್ಲಿ ಆ ತಿರುವಿಗೆ ಬಹಳ ಮುಂಚೆಯೇ ಬ್ರೇಕ್ ದೀಪ ಹೊತ್ತಿಕೊಂಡಿತು. ಆಮೇಲೆ ಸ್ವಲ್ಪ ತಡವಾಗಿ. ಆಮೇಲೆ ಇನ್ನೂ ತಡವಾಗಿ, ನನ್ನ ಉಸಿರು ನಿಲ್ಲುವಷ್ಟು ತಡವಾಗಿ. ಪ್ರತಿ ಸಲವೂ ಕಾರು ತಲೆ ತಗ್ಗಿಸಿ ನಿಧಾನಿಸಿ, ವಿಭೂತಿ ಹಚ್ಚಿದ ಹಣೆ ತಿರುಗಿಸಿಕೊಂಡು ಮುಂದೆ ಹೋಯಿತು. ಇಳಿದು ಬಂದವಳು ಬೆವರಿದ ಮುಖದಲ್ಲಿ, "ಕೆಳಗಡೆ ಇತ್ತು ಕಣ್ರಿ. ಪ್ರತಿ ಸಲಾನೂ ಇತ್ತು" ಎಂದಳು. ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡು ನಡೆಯಲಾಗುತ್ತಿರಲಿಲ್ಲ. ಅಷ್ಟು ಹೊತ್ತೂ ನಾನು ಕಾಂಕ್ರೀಟು ಒತ್ತಿದ್ದೆ.

ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆಸಲು ಶೈಲಜಾ ಒಪ್ಪಿಲ್ಲ. ಅಮ್ಮ ದಿನವೂ ಸಂಜೆ ಹೋಗಿ ಅದನ್ನು ಮುಟ್ಟಿ ನೋಡಿ, ತನ್ನ ಕೈಗುಣಕ್ಕೆ ತಾನೇ ತಲೆದೂಗಿ ಬರುತ್ತಾಳೆ. ಮೊನ್ನೆ ಹೊಳಲ್ಕೆರೆ ರಸ್ತೆಯ ಇಳಿಜಾರಿನಲ್ಲಿ, ಹಿಂದಿನ ಸೀಟಿನ ತುಂಬ ಹುಡುಗಿಯರು ಹರಟುತ್ತಿರುವಾಗ, ಇವಳು ಎಲ್ಲಿ ಬೇಕೋ ಅಲ್ಲಿ, ಒಂದೇ ಸಲ ಬ್ರೇಕ್ ಒತ್ತಿದಳು. ಪಕ್ಕದಲ್ಲಿ ನನ್ನ ಕಾಲು ಅದಕ್ಕಿಂತ ಬಹಳ ಮುಂಚೆಯೇ ಮ್ಯಾಟು ಒತ್ತಿಕೊಂಡಿತ್ತು. ಅದು ಅವಳ ಕಣ್ಣಿಗೆ ಬಿತ್ತು. ನಾನು ನಾಚಿಕೊಂಡು ಕಾಲು ತೆಗೆಯಲು ಹೋದೆ. ಅವಳು ರಸ್ತೆಯ ಮೇಲಿಂದ ಕಣ್ಣು ಕೀಳದೆ, "ಇರ್ಲಿ, ಹಿಡ್ಕಂಡಿರ್ರಿ. ನಾನು ಹೇಳೋತನಕ ಬಿಡಬ್ಯಾಡ್ರಿ" ಎಂದಳು.

ಅವಳು ಇನ್ನೂ ಹೇಳಿಲ್ಲ. ಮ್ಯಾಟು ಮಾತ್ರ ಹೊಸದು ತರಬೇಕು.