ನಮ್ಮ ಮನೆಯವರ ಮೂಗನ್ನು ಹಿಂದಿರುಗಿಸುವ ಬಗ್ಗೆ

ಗಡಹಿಂಗ್ಲಜ,
ಹೋಳಿ ಹುಣ್ಣಿಮೆಯ ಮರುವಾರ

ಉತ್ತಮ ಬೋರ್ಬನ್ ವಿಸ್ಕಿಯನ್ನು ಆರಿಸುವುದು ಹೇಗೆ, ಆಸ್ವಾದಿಸುವುದು ಹೇಗೆ ಎಂದು ಕೈಪಿಡಿ ಬರೆದು ಲೋಕೋಪಕಾರ ಮಾಡಿದ ಮಾನ್ಯರೇ,

ಜೈ ಜಿನೇಂದ್ರ. ತಾವು ಕ್ಷೇಮವಾಗಿರುವಿರೆಂದೂ, ತಮ್ಮ ಮೂಗು ತಮ್ಮ ಮುಖದ ಮೇಲೆಯೇ ಇದ್ದು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿದೆಯೆಂದೂ ನಂಬಿದ್ದೇನೆ. ನಮ್ಮ ಮನೆಗೆ ಸದ್ಯ ಆ ಭಾಗ್ಯವಿಲ್ಲ. ತಮ್ಮ ಕೈಪಿಡಿ ಇಂಗ್ಲಿಷಿನಲ್ಲಿದೆ, ನನ್ನ ಪತ್ರ ಕನ್ನಡದಲ್ಲಿದೆ; ನಮ್ಮ ಮನೆಯವರು ತಮ್ಮದನ್ನು ಅರ್ಧಂಬರ್ಧ ತಿಳಿದುಕೊಂಡೇ ಅಷ್ಟೊಂದು ಮೆಚ್ಚಿರುವಾಗ, ತಾವು ನನ್ನದನ್ನು ಏನೂ ತಿಳಿಯದೆ ಇನ್ನೂ ಹೆಚ್ಚು ಮೆಚ್ಚುವಿರೆಂಬ ಭರವಸೆ ನನಗಿದೆ.

ನನ್ನ ಹೆಸರು ರಾಜಮತಿ, ಸಂಕೇಶ್ವರದ ಮಗಳು, ಗಡಹಿಂಗ್ಲಜದ ಸೊಸೆ. ನಮ್ಮದು ಹೊಲದಲ್ಲೇ ಕಬ್ಬು ಅರೆದು ಬೆಲ್ಲ ಮಾಡುವ ಗಾಣದ ಮನೆ. ಕಬ್ಬಿನ ಹಾಲು ದೊಡ್ಡ ಕಡಾಯಿಯಲ್ಲಿ ಕುದಿದು, ಪಾಕವಾಗಿ, ಇನ್ನೇನು ಬೆಲ್ಲವಾಗಬೇಕು ಎನ್ನುವ ಗಳಿಗೆಯಲ್ಲಿ "ಇಳಸ್ರಿ" ಎಂದು ಕೂಗುವವನನ್ನು ನಮ್ಮ ಕಡೆ ಗುಳವ್ಯಾ ಎನ್ನುತ್ತಾರೆ. ಅವನು ಒಂದು ಗಳಿಗೆ ಮೊದಲು ಕೂಗಿದರೆ ಬೆಲ್ಲ ಕಟ್ಟುವುದಿಲ್ಲ, ಒಂದು ಗಳಿಗೆ ತಡಮಾಡಿದರೆ ಸುಟ್ಟು ಕರಿಯಾಗುತ್ತದೆ. ನನ್ನ ಯಜಮಾನರಾದ ಪದ್ಮಕುಮಾರ ಮಗದುಮ್ಮರು ಇಪ್ಪತ್ತೆಂಟು ವರ್ಷಗಳಿಂದ ನಮ್ಮ ಗಾಣದ ಗುಳವ್ಯಾ. ಬೇರೆಯವರು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡಿದರೆ ಇವರು ಬರಿಯ ಮೂಗಿನಿಂದ ಹದ ಹೇಳುವವರು. ಬಿದ್ರಿ, ಆಜರಾ ಕಡೆಯ ಜನ ಬಂದು ನಿಂತು ನೋಡಿ, "ಪದ್ಮಣ್ಣಾರದು ಮೂಗಲ್ಲರಿ, ತಕ್ಕಡಿ ಐತಿ" ಎಂದು ಹೊಗಳಿ ಹೋಗಿದ್ದಾರೆ. ನಾನು ಆ ಮೂಗಿನ ಪಕ್ಕದಲ್ಲಿ, ಪ್ರತಿ ಕಡಾಯಿಗೆ ಒಮ್ಮೆ ಕೆಟಲಿಯಲ್ಲಿ ಚಹಾ ಒಯ್ದು ಕೊಡುತ್ತ ಸಂಸಾರ ಮಾಡಿದವಳು.

ಇಂಥ ಮನೆಗೆ ತಮ್ಮ ಕೈಪಿಡಿ ಬಂದದ್ದು ನಮ್ಮ ಭಾವನವರ ಮಗ ಆಶಿಷನ ಕೃಪೆಯಿಂದ. ಅವನಿಗೆ ಇಚಲಕರಂಜಿಯಲ್ಲಿ ಮಗ್ಗಗಳಿವೆ. ಅವನ ಬಟ್ಟೆಯನ್ನು ಮೆಚ್ಚಿದ ಪರದೇಶದ ವ್ಯಾಪಾರಿಯೊಬ್ಬರು ಒಂದು ಬೋರ್ಬನ್ ಬಾಟಲಿಯನ್ನೂ ಅದರ ಕೊರಳಿಗೆ ಬಂಗಾರದ ದಾರದಲ್ಲಿ ಕಟ್ಟಿದ ತಮ್ಮ ಪುಸ್ತಕವನ್ನೂ ಉಡುಗೊರೆ ಕೊಟ್ಟರಂತೆ. ಹುಡುಗ ಮಗ್ಗಕ್ಕೆ ಹೆದರುವುದಿಲ್ಲ, ಬ್ಯಾಂಕಿಗೆ ಹೆದರುವುದಿಲ್ಲ, ತನ್ನ ತಾಯಿಗೆ ಮಾತ್ರ ಹೆದರುತ್ತಾನೆ. "ಕಾಕು, ಅವ್ವ ನೋಡಿದ್ರ ನನ್ನ ಮನಿ ಹೊರಗ ಹಾಕತಾಳ, ನಾಲ್ಕ ದಿನ ನಿಮ್ಮ ಕಡೆ ಇರ್ಲಿ" ಎಂದು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟು ಹೋದ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಮನೆಯವರು ಇಪ್ಪತ್ತನೆಯ ವಯಸ್ಸಿನಲ್ಲಿ ಮುನಿಮಹಾರಾಜರ ಮುಂದೆ ಮದ್ಯ ಮುಟ್ಟುವುದಿಲ್ಲವೆಂದು ನಿಯಮ ತೆಗೆದುಕೊಂಡವರು, ಇಂದಿಗೂ ಒಂದು ಹನಿ ನಾಲಗೆಗೆ ಸೋಕಿಸಿದವರಲ್ಲ. ಆದರೆ ಬೋರ್ಬನ್ನಿನ ಸವಿಯಲ್ಲಿ ಮುಕ್ಕಾಲು ಪಾಲು ಇರುವುದು ಮೂಗಿನಲ್ಲಿ ಎಂದು ತಮ್ಮ ಮೂರನೆಯ ಪುಟದಲ್ಲಿ ಅಪ್ಪಣೆಯಾಗಿದೆಯಲ್ಲ, ಅದನ್ನು ಓದಿದ ದಿನ ಅವರು ಬಹಳ ಹೊತ್ತು ಯೋಚಿಸಿ, "ನಿಯಮ ಬಾಯಿಗೆ ತಗೊಂಡೇನಿ, ಮೂಗಿಗೆ ತಗೊಂಡಿಲ್ಲ" ಎಂದು ತೀರ್ಪು ಕೊಟ್ಟುಕೊಂಡರು. ಅಂದಿನಿಂದ ದಿನಾಲು ಒಂದು ಗ್ಲಾಸಿಗೆ ಎರಡು ಬೆರಳು ಸುರಿದು, ಬಾಯನ್ನು ತಾವು ಕೈಪಿಡಿಯಲ್ಲಿ ಹೇಳಿದಷ್ಟೇ ತೆರೆದು, ಮೂಸಿ, ಒಂದು ಹನಿಯೂ ಚೆಲ್ಲದಂತೆ ಬಾಟಲಿಗೆ ಮರಳಿ ಸುರಿಯುವುದು ನಡೆದಿದೆ. ಊಟ ಮುಗಿದ ಮೇಲೆ ಸಂಜೆಯ ನೆಮ್ಮದಿಯಲ್ಲಿ ಮೂಸಬೇಕೆಂದು ತಾವು ಬರೆದಿದ್ದೀರಿ. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಅನ್ನಪಾನವಿಲ್ಲ, ವಾಸನೆಯೂ ಅನ್ನಪಾನದಲ್ಲಿ ಬರುತ್ತದೋ ಏನೋ ಎಂಬ ಸಂಶಯಕ್ಕೆ ಅವರು ಐದೂವರೆಗೇ ಮೂಸಿ ಮುಗಿಸುತ್ತಾರೆ. ಮಹಾರಾಷ್ಟ್ರದಲ್ಲಿ ಕುಡಿಯುವವರಿಗೆ ಸರಕಾರದ ಪರವಾನಗಿ ಬೇಕು. ಮೂಸುವವರಿಗೂ ಬೇಕೇ ಎಂಬುದನ್ನು ತಾವು ಬರೆದಿಲ್ಲವಾದ್ದರಿಂದ ನಾವು ಕಿಟಕಿ ಮುಚ್ಚಿಕೊಂಡು ಮೂಸುತ್ತೇವೆ.

ತಮ್ಮ ಪಾಂಡಿತ್ಯವನ್ನು ಎಷ್ಟು ಹೊಗಳಿದರೂ ಸಾಲದು. ಇಪ್ಪತ್ತೆಂಟು ವರ್ಷ ನಾನು ಬಡಿಸಿದ್ದನ್ನು ತಲೆಯೆತ್ತದೆ ಉಂಡು, ಉಪ್ಪು ಮರೆತ ದಿನವೂ ತುಟಿ ಬಿಚ್ಚದೆ ಎದ್ದು ಹೋದ ಮನುಷ್ಯನ ಬಾಯಿಗೆ ತಾವು ಮಾತು ಕೊಟ್ಟಿರಿ. ಈಗ ಆಮಟಿ ಸಾರಿನಲ್ಲಿ ಅವರಿಗೆ ಮೊದಲು ಸುಟ್ಟ ಸಕ್ಕರೆ, ನಡುವೆ ಪೀಪಾಯಿಯ ಓಕ್ ಮರ, ಕೊನೆಗೆ ಉದ್ದನೆಯ ಮುಕ್ತಾಯ ಕಾಣುತ್ತದೆ. ನಮ್ಮ ತಾಲೂಕಿನಲ್ಲಿ ಓಕ್ ಮರವನ್ನು ಕಂಡವರಿಲ್ಲ, ಇವರೂ ಕಂಡಿಲ್ಲ, ಆದರೆ ನನ್ನ ಆಮಟಿಯಲ್ಲಿ ಕಾಣುತ್ತಾರೆ. ಜೋಳದ ರೊಟ್ಟಿಯನ್ನು ಮೂಸಿ, "ಇದಕ್ಕ ಇನ್ನೊಂದ ವರ್ಷ ವಯಸ್ಸಾಗಬೇಕಿತ್ತು" ಎಂದ ದಿನ ನಾನು ಲಟ್ಟಣಿಗೆಯನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತೆ, ಯಾಕೆಂದರೆ ಅದು ಕೈಯಲ್ಲಿರುವುದು ಅವರಿಗೆ ಒಳ್ಳೆಯದಲ್ಲವೆಂದು ಕಂಡಿತು. ಅವರು ನನಗೆ ಓದಿ ಹೇಳಿದ ತಮ್ಮ ಅಧ್ಯಾಯಗಳಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಆರಿಸುವುದನ್ನು ಕುರಿತದ್ದು: ಬಾಟಲಿಯ ಚೀಟಿಯ ಚೆಲುವಿಗೆ ಮರುಳಾಗಬೇಡಿ, ಮನೆತನದ ದೊಡ್ಡ ಹೆಸರಿಗೆ ಸೋಲಬೇಡಿ, ವಯಸ್ಸೇ ಗುಣವಲ್ಲ, ನಿಮಗೆ ಹಿಡಿಸಿದ್ದೇ ಒಳ್ಳೆಯದು ಎಂದಿದ್ದೀರಿ. ಈ ಪುಟ ಇಪ್ಪತ್ತೆಂಟು ವರ್ಷ ಮೊದಲು ಸಂಕೇಶ್ವರದಲ್ಲಿ ನಮ್ಮ ಅಪ್ಪನ ಕೈಗೆ ಸಿಕ್ಕಿದ್ದರೆ ನಾನು ಇಂದು ತಮಗೆ ಇಷ್ಟು ತೊಂದರೆ ಕೊಡುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ದೂರು ಬರೆಯುವ ಪ್ರಸಂಗವಿರಲಿಲ್ಲ. ಆದರೆ ಹನ್ನೊಂದನೆಯ ಪುಟದಲ್ಲಿ ತಾವು, ಮೂಸುವವನ ಹತ್ತಿರ ಚಹಾ, ಕಾಫಿ, ಮಸಾಲೆ, ಅತ್ತರು ಸುಳಿಯಕೂಡದು ಎಂದು ಕಟ್ಟುನಿಟ್ಟು ಮಾಡಿದಿರಿ. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಕೆಟಲಿ ಹಿಡಿದು ಗಾಣದ ಮನೆಯ ಬಾಗಿಲಿಗೆ ಹೋದರೆ, ಪೋಲೀಸರು ಲಾರಿ ನಿಲ್ಲಿಸಿದ ಹಾಗೆ ಕೈ ಅಡ್ಡ ಹಿಡಿದು, "ಚಹಾ ಒಳಗ ತರಬ್ಯಾಡ, ಮೂಗು ಕೆಡತೈತಿ" ಎಂದರು. ನಾನು ಹಿಂದಿರುಗಿದೆ. ಕಾಲು ತಾಸಿನಲ್ಲಿ ಕಡಾಯಿ ಸುಟ್ಟಿತು.

ಆ ಮೂಗಿನ ಮುಂದೆ ಕಡಾಯಿ ಸುಟ್ಟದ್ದು ಅದೇ ಮೊದಲು. ಅವರೇನೂ ಎದೆಗುಂದಲಿಲ್ಲ. ಬೋರ್ಬನ್ ಇಡುವ ಪೀಪಾಯಿಯನ್ನು ಒಳಗಿನಿಂದ ಬೇಕೆಂದೇ ಸುಟ್ಟು ಕರಿ ಮಾಡುತ್ತಾರೆಂದು ತಾವೇ ತಿಳಿಸಿದ್ದೀರಲ್ಲ, "ಇದು ಸುಟ್ಟದ್ದಲ್ಲ, ಇದಕ್ಕ ಭಾಳ ಕಿಮ್ಮತ್ತೈತಿ" ಎಂದು ಆ ಕರಿ ಬೆಲ್ಲವನ್ನು ಅಚ್ಚಿಗೆ ಹಾಕಿಸಿದರು; ಅದನ್ನು ನಮ್ಮ ಎಮ್ಮೆ ಕೂಡ ಮೂಸಿ ನೋಡಿ ಮುಖ ತಿರುಗಿಸಿತು. ಎರಡನೆಯ ಕಡಾಯಿಯ ಮುಂದೆ ಕಣ್ಣು ಮುಚ್ಚಿ ನಿಂತು, "ತೊಗಲು! ತೊಗಲಿನ ವಾಸನಿ ಬರಾಕತ್ತೈತಿ!" ಎಂದು ಕುಣಿದಾಡಿದರು. ಬೋರ್ಬನ್ನಿನಲ್ಲಿ ಸಿಗುವ ವಾಸನೆಗಳ ತಮ್ಮ ಪಟ್ಟಿಯಲ್ಲಿ ವೆನಿಲ್ಲಾದ ಕೆಳಗೆ, ತಂಬಾಕಿನ ಮೇಲೆ ತೊಗಲೂ ಇರುವುದನ್ನು ನಾನು ಬಲ್ಲೆ. ಆದರೆ ಒಲೆಗೆ ಉರಿ ಹಾಕುವ ಭೀಮಗೊಂಡ ಓಡಿ ಬಂದು, ಒಲೆಯ ಬಾಯಿಗೆ ಹತ್ತಿ ಸೀಯುತ್ತಿದ್ದ ತನ್ನ ಹೊಸ ಕೊಲ್ಹಾಪುರಿ ಚಪ್ಪಲಿಯನ್ನು ಎತ್ತಿಕೊಂಡ. ಅಷ್ಟರಲ್ಲಿ ಪಾಕ ಹದ ಮೀರಿತ್ತು. ಮೂರನೆಯದು ಹೇಗೆ ಸುಟ್ಟಿತೆಂದು ಬರೆಯುವುದಿಲ್ಲ, ಬರೆದರೆ ನನ್ನ ಭಾಷೆ ತಮ್ಮಂಥ ಗಣ್ಯರಿಗೆ ಒಪ್ಪುವಂತಿರುವುದಿಲ್ಲ.

ಈಗ ನಿಜವಾದ ಸಂಕಟ ಹೇಳುತ್ತೇನೆ. ನಮ್ಮ ಮಗಳು ಭಕ್ತಿ ಕೊಲ್ಹಾಪುರದಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಬಾಣಂತಿಗೆ ಅಂಟಿನ ಉಂಡೆ ಕಟ್ಟಬೇಕು. ಅಂಟು, ಒಣಕೊಬ್ಬರಿ, ಉತ್ತತ್ತಿ, ಆಜರಾದ ಗೋಡಂಬಿ ಎಲ್ಲ ತಂದಿಟ್ಟಿದ್ದೇನೆ. ಅದಕ್ಕೆ ಔಷಧಿ ಪುಡಿ ಹಾಕದೆ, ಬರಿಯ ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆದು ಮಾಡಿದ ಬೆಲ್ಲವೇ ಆಗಬೇಕು. ನನ್ನ ಎರಡೂ ಬಾಣಂತನಗಳಿಗೆ ನಮ್ಮ ಅಪ್ಪ ತಾನೇ ನಿಂತು ಮಾಡಿದ ಬೆಲ್ಲ ಸಂಕೇಶ್ವರದಿಂದ ಬಂದಿತ್ತು, ನನ್ನ ಮಗಳಿಗೆ ಪೇಟೆಯ ಬೆಲ್ಲ ತಿನ್ನಿಸುವುದು ನನ್ನಿಂದ ಆಗದ ಮಾತು. ಅದಕ್ಕಾಗಿ ಒಂದು ಮೂಲೆಯ ಕಬ್ಬಿಗೆ ಗೊಬ್ಬರದ ಚೀಲ ತೋರಿಸದೆ ಬೆಳೆಸಿದ್ದೆ. ಬೇರೆ ಕಬ್ಬೆಲ್ಲ ಅರೆದು ಮುಗಿದ ಮೇಲೆ ನಾಲ್ಕು ಕಡಾಯಿಗಾಗುವಷ್ಟು ಇದೊಂದೇ ಉಳಿದಿತ್ತು, ವಾರಕ್ಕೊಂದರಂತೆ ಮೂರು ತಮ್ಮ ಪುಸ್ತಕಕ್ಕೆ ಅರ್ಪಣೆಯಾಗಿವೆ, ಉಳಿದದ್ದು ಒಂದು. ಅದೂ ಸುಟ್ಟರೆ ಈ ವರ್ಷದ ಗಾಣ ಮುಗಿಯಿತು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ತಾವು ಈ ಪತ್ರ ಮುಟ್ಟಿದ ಕೂಡಲೇ ವಿಮಾನ ಹತ್ತಿ ಕೊಲ್ಹಾಪುರಕ್ಕೆ ಬಂದು, ಅಲ್ಲಿಂದ ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು ಗಡಹಿಂಗ್ಲಜಕ್ಕೆ ಆಗಮಿಸಿ, ನಮ್ಮ ಕಡಾಯಿಯ ಮುಂದೆ ಖುದ್ದಾಗಿ ನಿಂತು ಹದ ಹೇಳತಕ್ಕದ್ದು. ಅದಾಗದಿದ್ದರೆ ತಮ್ಮ ಸ್ವಂತ ಮೂಗನ್ನಾದರೂ ರಜಿಸ್ಟರ್ ಪೋಸ್ಟಿನಲ್ಲಿ ನಾಲ್ಕು ದಿನದ ಮಟ್ಟಿಗೆ ಕಳಿಸಿಕೊಡತಕ್ಕದ್ದು. ಪೀಪಾಯಿಯಿಂದ ಪ್ರತಿ ವರ್ಷ ಒಂದಿಷ್ಟು ಆರಿ ಹೋಗುವುದನ್ನು ತಾವು ದೇವತೆಗಳ ಪಾಲು ಎನ್ನುತ್ತೀರಂತೆ. ನಮ್ಮ ಕಡೆಯ ದೇವತೆಗಳು ಒಂದು ತೆಂಗಿನಕಾಯಿಗೆ ತೃಪ್ತರಾಗುವವರು, ಅವರ ಅಭ್ಯಾಸ ಕೆಡಿಸದಿರುವಂತೆಯೂ ಕೋರುತ್ತೇನೆ.

ಇಷ್ಟು ಬರೆದು ಮೊನ್ನೆ ಪತ್ರ ಮುಗಿಸಿದ್ದೆ. ತಾವು ಬರುವ ಲಕ್ಷಣ ಕಾಣಲಿಲ್ಲ, ಕಬ್ಬು ಒಣಗುತ್ತಿತ್ತು, ನಿನ್ನೆ ಕೊನೆಯ ಕಡಾಯಿ ಏರಿತು. ಆದ್ದರಿಂದ ಮುಂದುವರಿಸುತ್ತಿದ್ದೇನೆ.

ಇಂದಿನವರೆಗೆ ಯಾರಿಗೂ ಹೇಳದ ಮಾತನ್ನು ತಾವು ದೂರದವರೆಂಬ ಧೈರ್ಯದಿಂದ ಹೇಳುತ್ತೇನೆ. ನಮ್ಮ ಅಪ್ಪ ಸಂಕೇಶ್ವರದ ಗುಳವ್ಯಾ. ಅವನ ಕಡಾಯಿಯ ಪಕ್ಕದಲ್ಲಿ ಆಡಿ ಬೆಳೆದ ನನಗೆ ಹತ್ತು ವರ್ಷಕ್ಕೇ ಹದ ಮೂಗಿಗೆ ಹತ್ತಿತ್ತು. ಮದುವೆಯಾಗಿ ಬಂದ ಮೊದಲ ವಾರದಲ್ಲೇ, ನಮ್ಮ ಯಜಮಾನರ ಮೂಗು ಮುಖಕ್ಕೆ ಶೋಭೆ ಕೊಡುವುದಷ್ಟೇ ಎಂದು ತಿಳಿಯಿತು. ಹೊಸ ಸೊಸೆ ಗಂಡಸರ ನಡುವೆ ನಿಂತು ಗಂಡನ ತಪ್ಪು ಹೇಳುವುದುಂಟೇ? ಅದಕ್ಕೆ ನಾನು ಹದ ಬಂದ ಗಳಿಗೆಗೆ ಸರಿಯಾಗಿ ಕೆಟಲಿ ಹಿಡಿದು ಹೋಗಿ, "ಚಹಾ ತಗೊಳ್ರಿ" ಎನ್ನತೊಡಗಿದೆ. ಕುಡಿಯಲು ಬಿಡುವು ಬೇಕಲ್ಲ, ಅವರು "ಇಳಸ್ರಿ" ಎನ್ನುತ್ತಿದ್ದರು. ಹೀಗೆ ಇಪ್ಪತ್ತೆಂಟು ವರ್ಷ. ಅವರಿಗೂ ಗೊತ್ತಾಗಲಿಲ್ಲ, ಬೇರೆ ಯಾರಿಗೂ ಗೊತ್ತಾಗಲಿಲ್ಲವೆಂದೇ ನಾನು ನಂಬಿದ್ದೆ. ಹನ್ನೊಂದನೆಯ ಪುಟದಿಂದ ತಾವು ಹೊರಗೆ ಹಾಕಿದ್ದು ಚಹಾವನ್ನಲ್ಲ, ಮಾನ್ಯರೇ.

ನಿನ್ನೆ ಹಿತ್ತಲಲ್ಲಿದ್ದಾಗ ವಾಸನೆ ಬಂತು. ಕೆಟಲಿ ಎತ್ತಿಕೊಂಡು ಬಾಗಿಲಿಗೆ ಹೋದೆ. ಅವರು ಕಣ್ಣು ಮುಚ್ಚಿಕೊಂಡೇ ಕೈ ಅಡ್ಡ ಹಿಡಿದರು. ಮನೆಯಲ್ಲಿ ಭಕ್ತಿ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತದ್ದು ಕಣ್ಣ ಮುಂದೆ ಬಂತು, ಇಪ್ಪತ್ತೆಂಟು ವರ್ಷದ ಮರ್ಯಾದೆ ಒಂದು ಕಡೆಗಿಟ್ಟು, ನಾಲ್ಕು ಹೊಲಕ್ಕೆ ಕೇಳುವಂತೆ "ಇಳಸ್ರಿ!" ಎಂದು ಕೂಗಿದೆ. ಎಲ್ಲರೂ ನನ್ನ ಕಡೆ ನೋಡಿದರು. ಭೀಮಗೊಂಡ ಮಾತ್ರ ನೋಡಲಿಲ್ಲ. ಅವನು ಆಗಲೇ ಒಲೆಯ ಉರಿಯನ್ನು ಹೊರಗೆಳೆದು ಕೈ ಒರೆಸಿಕೊಳ್ಳುತ್ತಿದ್ದ. "ಒದರೂದು ಯಾಕ್ರಿ ವೈನಿ? ನಿಮ್ಮ ಕೆಟ್ಲಿ ಕಂಡಕೂಡ್ಲೇ ಉರಿ ಎಳೀತೇನಲ್ರಿ. ಮೊದಲಿಂದಾನೂ ಹಂಗ ಮಾಡಕೋಂತ ಬಂದೇನಿ. ಮೊದಲನೇದು ಸುಟ್ಟಾಗ ನಾ ಕಟಗಿ ತರಾಕ ಹೋಗಿದ್ದೆ, ಆಮ್ಯಾಲ ಎರಡ ಸಲ ಕೆಟ್ಲಿನ ಬರಲಿಲ್ಲ" ಎಂದ. ನನಗೆ ಅಳು ಬಂತು. ಹೊಗೆ ಎಂದು ಹೇಳಿ ಕಣ್ಣು ಒರೆಸಿಕೊಂಡೆ.

ಬೆಲ್ಲ ಬಂಗಾರದ ಬಣ್ಣಕ್ಕೆ ಬಂದಿದೆ. ಯಜಮಾನರು ಅದನ್ನೂ ನನ್ನನ್ನೂ ನೋಡಿ, "ಚಹಾ ಕೊಡು" ಎಂದರು. ಆತುರದಲ್ಲಿ ನಾನು ಹಾಲು ಹಾಕುವುದನ್ನು ಮರೆತಿದ್ದೆ. ಅವರು ಬಟ್ಟಲನ್ನು ಮೂಗಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಇದು ಥೇಟ್ ನಮ್ಮ ಬೋರ್ಬನ್ ವಾಸನಿ ಐತೆಲ್ಲ!" ಎಂದರು. ನಾನು ಕೆಟಲಿ ಎತ್ತಿಕೊಂಡು ಮನೆಯ ಕಡೆ ನಡೆದೆ.

ಮೂಗೊಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ,
ತಮ್ಮ ವಿಶ್ವಾಸಿ,
ರಾಜಮತಿ ಪದ್ಮಕುಮಾರ ಮಗದುಮ್

ತಾ.ಕ.: ತಾವು ಮಾತ್ರ ತಿಳಿದಿರಲೆಂದು ಬರೆಯುತ್ತೇನೆ. ಮೊದಲ ಕಡಾಯಿ ಸುಟ್ಟ ದಿನವೇ ನಾನು ಆ ಬಾಟಲಿಯನ್ನು ಬಚ್ಚಲಿಗೆ ಬಗ್ಗಿಸಿ, ತೊಳೆದು, ಹಾಲಿಲ್ಲದ ಚಹಾಕ್ಕೆ ಒಂದು ಚಮಚ ಕಾಕಂಬಿ ಬೆರೆಸಿ ತುಂಬಿಸಿಟ್ಟಿದ್ದೇನೆ. ಮೂರು ವಾರಗಳಿಂದ ಅವರು ಮೂಸುತ್ತಿರುವುದು ಅದನ್ನೇ. ಉರಿ ಇಳಿದಿದೆ, ವೆನಿಲ್ಲಾ ಏರಿದೆ, ವಯಸ್ಸಾದಂತೆ ಸುಧಾರಿಸುತ್ತಿದೆ ಎಂದು ತಮ್ಮ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಾರೆ. ಮುಂದಿನ ಆವೃತ್ತಿಯಲ್ಲಿ ತಾವು ಇದನ್ನು ಉತ್ತಮ ಬೋರ್ಬನ್ನುಗಳ ಪಟ್ಟಿಗೆ ಸೇರಿಸುವುದಾದರೆ ನನ್ನ ಅಭ್ಯಂತರವಿಲ್ಲ. ತಾವು ಎಂಟು ಹತ್ತು ವರ್ಷ ಪೀಪಾಯಿಯಲ್ಲಿ ಇಡುತ್ತೀರಂತೆ. ನಮ್ಮದನ್ನು ಎರಡು ದಿನಕ್ಕೊಮ್ಮೆ ಹೊಸದಾಗಿ ಕುದಿಸಬೇಕು, ಇಲ್ಲದಿದ್ದರೆ ಹುಳಿ ಬಂದು, ಅದೂ ಮದ್ಯವಾಗಿ, ಅವರ ನಿಯಮ ಕೆಟ್ಟೀತು.